ಹುಗ್ಗಿ ಆರುವ ಮುನ್ನ

ಬಿಸಿ ಗೋಧಿ ಹುಗ್ಗಿಯನ್ನು ಎಲೆಗೆ ಬಡಿಸಿಕೊಂಡು, ಮೇಲೆ ತುಪ್ಪ ಬಿಡಿಸಿಕೊಂಡು, ಮುಟ್ಟದೆ ಸುಮ್ಮನೆ ನೋಡುತ್ತ ಕುಳಿತಿದ್ದೀರಾ ಎಂದಾದರೂ? ಮೊದಲು ತುಪ್ಪ ಕರಗಿ ನಡುವೆ ಸಣ್ಣ ಹೊಂಡವಾಗುತ್ತದೆ. ಆಮೇಲೆ ಆವಿ ಅಡಗುತ್ತದೆ. ಆಮೇಲೆ ಬೆಲ್ಲದ ವಾಸನೆಯೂ ಅಡಗಿ, ಹುಗ್ಗಿಯ ಮೇಲೊಂದು ತೆಳ್ಳನೆಯ ಪದರ ಕಟ್ಟುತ್ತದೆ. ಇದೆಲ್ಲ ನನಗೆ ಗೊತ್ತಿರುವುದು ಅಡುಗೆಯ ಜಾಣತನದಿಂದಲ್ಲ, ಕ್ರೈಸ್ತರ ಮನೆಯಲ್ಲಿ ಹುಟ್ಟಿದ್ದರಿಂದ. ನಮ್ಮಲ್ಲಿ ಊಟಕ್ಕೆ ಮೊದಲು ಪ್ರಾರ್ಥನೆ. ಪ್ರಾರ್ಥನೆ ಮಾಡುವವರ ಕಣ್ಣು ಮುಚ್ಚಿರುತ್ತದೆ, ಹುಗ್ಗಿ ಅವರಿಗೆ ಕಾಣುವುದಿಲ್ಲ.

ಹೋದ ಭಾನುವಾರ ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ ನನ್ನ ಅಕ್ಕನ ಮೊಮ್ಮಗನಿಗೆ ದೀಕ್ಷಾಸ್ನಾನವಾಗಿ, ಮನೆಯಲ್ಲಿ ಊಟ ಇಟ್ಟುಕೊಂಡಿದ್ದರು. ಈಗಿನ ಪಾಸ್ಟರ್ ಎದ್ದು ನಿಂತು ಪ್ರಾರ್ಥನೆ ಶುರು ಮಾಡಿದರು. ಮಗುವಿಗಾಗಿ ಬೇಡಿದರು, ಸರಿ. ಮಗುವಿನ ತಾಯಿ ತಂದೆಗಾಗಿ ಬೇಡಿದರು, ಅದೂ ಸರಿ. ಅಲ್ಲಿಂದ ದವಾಖಾನೆಯಲ್ಲಿರುವವರು, ಪರೀಕ್ಷೆ ಬರೆಯುವವರು, ಗಡಿ ಕಾಯುವವರು, ದೇಶ ಆಳುವವರು ಎಂದು ಹೊರಟಿತು ನೋಡಿ ಸವಾರಿ! ನಾನು ಒಂದು ಕಣ್ಣು ತೆರೆದು ಹುಗ್ಗಿಯನ್ನೇ ನೋಡುತ್ತಿದ್ದೆ. ಚಿಕ್ಕಂದಿನಿಂದಲೂ ನಾನು ಹೀಗೇ, ಒಂದು ಕಣ್ಣು ತೆರೆದು ಪ್ರಾರ್ಥಿಸುವವಳು. ಧೈರ್ಯವಿದ್ದಿದ್ದರೆ ಎರಡೂ ತೆರೆಯುತ್ತಿದ್ದೆ, ಭಕ್ತಿಯಿದ್ದಿದ್ದರೆ ಎರಡೂ ಮುಚ್ಚುತ್ತಿದ್ದೆ. ಹುಗ್ಗಿಯ ಮೇಲೆ ಪದರ ಕಟ್ಟತೊಡಗಿದಾಗ ನನಗೆ ದೇವಪುತ್ರ ಕಾಕಾನ ನೆನಪಾಯಿತು.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಟಿಕೋಟಾದಲ್ಲಿ ಅವನದು ಮೋಟರ್ ರಿವೈಂಡಿಂಗ್ ಅಂಗಡಿ. ಬೇಸಿಗೆ ಬಂತೆಂದರೆ ಬಿಜ್ಜರಗಿಯ ದ್ರಾಕ್ಷಿ ತೋಟದವರು ಸುಟ್ಟುಹೋದ ಪಂಪಿನ ಮೋಟರುಗಳನ್ನು ಗಾಡಿಯಲ್ಲಿ ಹಾಕಿಕೊಂಡು, ಮನೆಯ ರೋಗಿಯನ್ನು ಕರೆತಂದವರಂತೆ ಮುಖ ಮಾಡಿಕೊಂಡು ಬಂದು ನಿಲ್ಲುತ್ತಿದ್ದರು. ಕಾಕಾ ತಲೆ ಎತ್ತದೆ "ನಾಳೆ ಒಯ್ರಿ" ಎನ್ನುತ್ತಿದ್ದ. ಆ ನಾಳೆ ಯಾವತ್ತು ಬರುತ್ತದೆಂದು ಟಿಕೋಟಾದಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹೆಸರು ದೇವಪುತ್ರ, ಆದರೆ ಅವನಿಗೆ ದೇವರ ಮೇಲೆ ನಂಬಿಕೆ ಇರಲಿಲ್ಲ. ನಗಬೇಡಿ, ಹೆಸರಿಟ್ಟವನು ಅವನಲ್ಲ. ಹೋಗಲಿ, ಕಷ್ಟ ಬಂದು ನಂಬಿಕೆ ಕಳೆದುಕೊಂಡಿದ್ದರೆ ಬಂಧುಗಳು "ಅಯ್ಯೋ ಪಾಪ" ಎಂದಾದರೂ ಅನ್ನುತ್ತಿದ್ದರು. ಅದೂ ಇಲ್ಲ. ಕರೆಂಟು ಹೋದಾಗ ಕೆಲಸವಿಲ್ಲದೆ ಅಂಗಡಿಯಲ್ಲಿ ಕುಳಿತು ಬೈಬಲ್ ಓದಿದ, ಅಷ್ಟೇ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದವನು ನಮ್ಮ ಮನೆತನದಲ್ಲಿ ಅವನೊಬ್ಬನೇ. ಉಳಿದ ನಾವೆಲ್ಲ ಪಾಸ್ಟರ್ ಹೇಳಿದ ಪುಟ ತೆಗೆದು ಓದಿ ಮುಚ್ಚಿಟ್ಟವರು, ಹಾಗಾಗಿ ನಮ್ಮ ವಿಶ್ವಾಸಕ್ಕೆ ಏನೂ ಆಗಲಿಲ್ಲ.

"ಚಲೋ ಮಾತು ಭಾಳ ಅದಾವವ್ವಾ ಅದರಾಗ," ಎಂದು ನನಗೆ ಹೇಳಿದ್ದ. "ಆದ್ರ ಮ್ಯಾಲ ಕೇಳಾವ ಒಬ್ಬ ಅದಾನೋ ಇಲ್ಲೋ ನನಗ ಗೊತ್ತಾಗವಲ್ದು. ಗೊತ್ತಿಲ್ಲದ್ದನ್ನ ಗೊತ್ತದ ಅಂತ ಹೆಂಗ ಅನ್ಲಿ?"

ಇದನ್ನು ಅವನು ಜಗಳಕ್ಕೆಂದು ಹೇಳುತ್ತಿರಲಿಲ್ಲ. ಇವತ್ತು ನೀರು ಬಂದಿಲ್ಲ ಎಂದು ಹೇಳುವ ಧಾಟಿಯಲ್ಲಿ ಹೇಳುತ್ತಿದ್ದ, ಆಮೇಲೆ ತಂತಿ ಸುತ್ತುವ ಕೆಲಸಕ್ಕೆ ಕೂಡುತ್ತಿದ್ದ. ಅವನ ಹೆಂಡತಿ ರೂತ ಕಾಕು ಮಾತ್ರ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿ ಪ್ರಾರ್ಥಿಸುವವಳು. ದೇವರ ಜೊತೆ ಅವಳದು ನೆರೆಮನೆಯವರ ಸಲುಗೆ. ಒಲೆಯ ಮುಂದೆ ಕುಳಿತು "ಯಪ್ಪಾ ಯೇಸಪ್ಪಾ, ಈ ಹಸಿ ಕಟ್ಟಿಗಿ ಉರಿಯೂಹಂಗ ಮಾಡು" ಎನ್ನುವಳು, ಉರಿಯದಿದ್ದರೆ "ಕೇಳ್ಸಿಲ್ಲೇನು?" ಎಂದು ಗದರಿಸುವಳು.

ಒಮ್ಮೆ ಕಾಕಾ ಮೋಟರು ಕೂರಿಸಲು ಮಮದಾಪುರಕ್ಕೆ ಹೊರಟಾಗ ನಾನೂ ಕಾಕುವೂ ಜೊತೆಗೆ ಹೋಗಿದ್ದೆವು. ಕೆಲಸ ಮುಗಿಸಿ ಅವನು ಕೆರೆಯ ದಂಡೆಯ ಮೇಲೆ ಕುಳಿತವನು ಏಳಲೇ ಇಲ್ಲ. ಕುರಿ ಬಂದು ನೀರು ಕುಡಿದು ಹೋದವು, ಬಸ್ಸು ಬಂದು ಹೋಯಿತು, ಇವನು ಮಾತ್ರ ಅಲ್ಲೇ.

"ಕಾಕಾ, ಪ್ರಾರ್ಥನಿ ಮಾಡಾಕತ್ತಿ ಏನು?" ಎಂದು ನಾನು ಚುಚ್ಚಿದೆ.

"ಇಲ್ಲವ್ವಾ. ನೀರ ನೋಡಾಕತ್ತೇನಿ."

"ಪ್ರಾರ್ಥನಿ ಅಂದ್ರ ಅದೇ ಮತ್ತ," ಎಂದಳು ಹಿಂದಿನಿಂದ ಕಾಕು.

"ಹಂಗಾರ ನಿಮ್ಮ ಪಾಸ್ಟರನ್ನೂ ಇಲ್ಲಿ ಕರಕೊಂಡ ಬಾ. ಸುಮ್ಮ ಕೂಡ್ತಾರೇನು ನೋಡೂಣು."

ಇಂಥವನು ಊಟದ ಪ್ರಾರ್ಥನೆಗೆ ಹೆಸರುವಾಸಿಯಾದದ್ದು ನನ್ನ ಅಕ್ಕನ ಮದುವೆಯಲ್ಲಿ. ಆಗಿನ ಪಾಸ್ಟರ್ ಟಿಕೋಟಾದಲ್ಲಿ ಮದುವೆ ಮುಗಿಸಿದವರೇ, ಇನ್ನೊಂದು ಮದುವೆಗೆಂದು ಬಬಲೇಶ್ವರಕ್ಕೆ ಓಡಿದ್ದರು. ಇತ್ತ ಪಂಕ್ತಿ ಕುಳಿತಾಗಿದೆ, ಹುಗ್ಗಿ ಬಿದ್ದಾಗಿದೆ, ತುಪ್ಪವೂ ಬಿದ್ದಾಗಿದೆ. ನಮ್ಮವರು ಉಣ್ಣುವ ಮೊದಲು ಏನೋ ಅನ್ನುತ್ತಾರೆಂದು ಗೊತ್ತಿದ್ದ ಊರಿನ ಹಿಂದೂ, ಮುಸಲ್ಮಾನ ಸ್ನೇಹಿತರೂ ಮರ್ಯಾದೆಯಿಂದ ಕೈ ಕಟ್ಟಿ ಕುಳಿತಿದ್ದಾರೆ. ನಮ್ಮ ಚರ್ಚಿನ ಹಿರಿಯರಿಬ್ಬರು "ನೀವು ಮಾಡ್ರಿ", "ಛೇ, ನೀವಿರಾಗ ನಾನೇನ್ರಿ" ಎಂದು ಶುರು ಹಚ್ಚಿಕೊಂಡರು. ಮೊದಲೇ ಗಾಬರಿಯಲ್ಲಿದ್ದ ನಮ್ಮಪ್ಪ, ಪಕ್ಕದಲ್ಲಿ ಹಪ್ಪಳ ನೀಡುತ್ತಿದ್ದ ತಮ್ಮನ ಬೆನ್ನಿಗೆ ಒಂದು ಬಾರಿಸಿ, "ಲೇ ದೇವಪುತ್ರಾ, ನೀನರ ಮುಗಸೋ!" ಎಂದುಬಿಟ್ಟ.

ಕಾಕಾ ಹಪ್ಪಳದ ಬುಟ್ಟಿ ಹಿಡಿದೇ ನಿಂತ. ಕಣ್ಣು ಮುಚ್ಚಲಿಲ್ಲ. ಬಡಿಸುವವರನ್ನೂ ಕುಳಿತವರನ್ನೂ ಒಮ್ಮೆ ನೋಡಿದ.

"ಗೋಧಿ ಬೆಳದಾವ್ರಿಗೆ, ಕುಟ್ಟಿದಾವ್ರಿಗೆ, ಒಲಿ ಮುಂದ ಬೆಂದಾವ್ರಿಗೆ, ನೀಡಾವ್ರಿಗೆ, ಎಲ್ಲಾರಿಗೂ ಉಪಕಾರ ಆತ್ರಿ. ಇವತ್ತ ಈ ಊರಾಗ ಯಾರೂ ಹಸದ ಮಲಗಬಾರದು. ಉಣ್ರಿ."

ಅಷ್ಟೇ. ಇನ್ನೂ ಇದೆ ಎಂದುಕೊಂಡು ಒಂದು ಗಳಿಗೆ ಯಾರೂ ಅಲುಗಾಡಲಿಲ್ಲ. ಆಮೇಲೆ ಯಾರೋ ರೂಢಿಯ ಬಲದಿಂದ "ಆಮೆನ್" ಎಂದರು, ಎಲ್ಲರೂ "ಆಮೆನ್" ಎಂದರು, ಪಂಕ್ತಿಯ ತುಂಬ ಹಪ್ಪಳ ಮುರಿಯುವ ಸದ್ದಾಯಿತು. ಬಿಜ್ಜರಗಿಯ ತೋಟದ ಗೌಡರೊಬ್ಬರು ಕೈ ತೊಳೆಯುವಾಗ ನಮ್ಮಪ್ಪನಿಗೆ, "ನಿಮ್ಮ ಧರ್ಮದಾಗಿನ ಪ್ರಾರ್ಥನಿ ಭಾಳ ಚಲೋ ಅದ ನೋಡ್ರಿ, ತಿಳೀತದ" ಎಂದರು. ಅದರಲ್ಲಿ ನಮ್ಮ ಧರ್ಮ ಎಷ್ಟಿತ್ತು ಎಂದು ಅಪ್ಪ ಅವರಿಗೆ ಬಿಡಿಸಿ ಹೇಳಲಿಲ್ಲ.

ಅಂದಿನಿಂದ ಕಾಕಾನಿಗೆ ಬೇಡಿಕೆ ಬಂತು. ಮನೆ ಕಟ್ಟಿದವರು, ತೊಟ್ಟಿಲು ಹಾಕಿದವರು, ಪಾಸ್ಟರ್ ಇಲ್ಲದ ವೇಳೆ ನೋಡಿಯೇ ಊಟಕ್ಕೆ ಕೂರಿಸತೊಡಗಿದರು. "ದೇವಪುತ್ರಣ್ಣ ಬಂದಾನಲ್ಲ, ಅಂವಾ ಎರಡ ಮಾತು ಅನ್ಲಿ" ಎಂದು ಹೇಳುವಾಗ ಅವರ ಕಣ್ಣು ಹುಗ್ಗಿಯ ಮೇಲಿರುತ್ತಿತ್ತು. ನಂಬಿಕೆಯುಳ್ಳವರೆಲ್ಲ ಸೇರಿ ನಂಬದವನಿಗೆ ಪ್ರಾರ್ಥನೆಯ ಗುತ್ತಿಗೆ ಕೊಟ್ಟರು. ಹಸಿವು ಅಂಥದ್ದು.

ಸುದ್ದಿ ಪಾಸ್ಟರ್ ಕಿವಿಗೆ ಬೀಳದೆ ಇರುತ್ತದೆಯೇ? ಒಂದು ಸಂಜೆ ಕಾಕಾನ ಮನೆಗೆ ಬಂದರು. ಕಾಕಾ ಇನ್ನೂ ಅಂಗಡಿಯಲ್ಲಿದ್ದ. ಕಾಕು ಚಹಾ ಮಾಡಿಕೊಟ್ಟಳು. ಕಾಲೇಜಿನ ರಜೆಗೆ ಬಂದಿದ್ದ ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ.

"ಅಮ್ಮಾರ, ಕರ್ತನ ಹೆಸರಿಲ್ಲದ ಪ್ರಾರ್ಥನೆಗೆ ಜನ ಆಮೆನ್ ಅನ್ನಾಕತ್ತಾರ. ಇದು ಸರಿ ಅಲ್ರಿ," ಎಂದರು ಪಾಸ್ಟರ್. ಒಳ್ಳೆಯ ಮನುಷ್ಯ, ಮೆತ್ತಗೇ ಹೇಳಿದರು.

"ಅದಿರ್ಲಿ ಬಿಡ್ರಿ," ಎಂದಳು ಕಾಕು. "ನೀವು ಓದಿದವರು. ಇವರು ಹಿಂಗೇ ಸತ್ರ ಎಲ್ಲಿಗೆ ಹೋಗ್ತಾರ, ಅದನ್ನ ಹೇಳ್ರಿ."

ಪಾಸ್ಟರ್ ಚಹಾದ ಬಟ್ಟಲನ್ನು ನೋಡಿದರು. "ವಿಶ್ವಾಸ ಇಲ್ಲದವರಿಗೆ ಅಲ್ಲಿ ಜಾಗಾ ಇಲ್ರಿ ಅಮ್ಮಾರ. ನಾ ಅನ್ನೂದಲ್ಲ, ಬರದದ್ದು ಹಂಗದ."

ಅವತ್ತು ರೊಟ್ಟಿ ಬಡಿಯುವ ಸದ್ದು ಓಣಿಯ ಕೊನೆಯವರೆಗೂ ಕೇಳಿಸಿರಬೇಕು. ಕಾಕಾ ಕೈಕಾಲು ತೊಳೆದು ಬಂದು ಕುಳಿತದ್ದೇ ತಡ, ಕಾಕು ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡು ಕೇಳಿದಳು.

"ಅಲ್ಲಿ ನಾ ಒಬ್ಬಾಕೀನೇ ಹೋಗಿ ಏನ ಮಾಡ್ಲಿ? ಯಾರ ಜೋಡಿ ಜಗಳಾ ಆಡ್ಲಿ?"

"ಹೋಗಬ್ಯಾಡ ಹಂಗಾರ. ಇಲ್ಲೇ ಇರು," ಎಂದ ಕಾಕಾ.

"ಚ್ಯಾಷ್ಟಿ ಬ್ಯಾಡ್ರಿ. ಉಪಕಾರ ಆತು ಅಂದ ಮ್ಯಾಲ, ಯೇಸುವಿನ ನಾಮದಲ್ಲಿ ಅಂತ ಒಂದ ಮಾತು ಸೇರಸ್ರಿ. ನಿಮ್ಮ ಗಂಟೇನ ಹೋಗ್ತದ?"

"ನಂಬದ ಹೆಂಗ ಅನ್ಲಿ ರೂತಾ? ಸುಳ್ಳ ಆಗ್ತದಲ್ಲ?"

"ಅಬಬಬ! ಗಿರಾಕಿಗೆ ದಿನಾ ನಾಳೆ ಒಯ್ರಿ ಅಂತೀರಲ್ಲ, ಅದೇನು ಖರೇನು?"

ಕಾಕಾ ನಕ್ಕುಬಿಟ್ಟ. ಆದರೆ ಒಪ್ಪಲಿಲ್ಲ. "ಅದು ಸುಳ್ಳ ಅಂತ ಗಿರಾಕಿಗೂ ಗೊತ್ತಿರ್ತದ. ಇದು ಹಂಗಲ್ಲ. ನಿನ್ನ ದೇವರು ಇದ್ದಾನ ಅಂತ ತಿಳಿ, ಅವನ ಮುಂದೇ ನಾ ಸುಳ್ಳ ಹೇಳಿದಂಗಾತು. ಇಲ್ಲ ಅಂತ ತಿಳಿ, ನಿನ್ನ ಮುಂದ ಹೇಳಿದಂಗಾತು. ಎರಡೂ ನನ್ನ ಕೈಲೆ ಆಗೂದಿಲ್ಲ."

ಕಾಕು ಮಾತು ಬಿಟ್ಟಳು. ಅವಳು ಮಾತು ಬಿಡುವುದೆಂದರೆ ಊರಿಗೆಲ್ಲ ಕೇಳುವ ಸಂಗತಿ, ಪಾತ್ರೆಗಳು ಮಾತಾಡುತ್ತಿದ್ದವು. ನನಗೆ ಇಬ್ಬರ ಮೇಲೂ ಸಿಟ್ಟು ಬಂದಿತ್ತು. ಇವನಿಗೆ ಎರಡು ಶಬ್ದ ಹೇಳಿ ಆಕೆಯ ಜೀವ ತಣ್ಣಗೆ ಮಾಡಲು ಏನು ಕಷ್ಟ ಎಂದು ಒಂದು ಸಿಟ್ಟು, ಇವಳಿಗೆ ಅವನ ಪಾಡಿಗೆ ಅವನನ್ನು ಬಿಡಲು ಏನು ಕಷ್ಟ ಎಂದು ಇನ್ನೊಂದು. ನಾನೋ, ಹೊಸ ಫ್ರಾಕು ಸಿಗುತ್ತದೆಂದು ಚರ್ಚಿನಲ್ಲಿ ವಿಶ್ವಾಸ ಒಪ್ಪಿಕೊಂಡವಳು. ನನ್ನ ಸಿಟ್ಟಿಗೇನು ಬೆಲೆ?

ಆ ಕ್ರಿಸ್ಮಸ್ಸಿಗೆ ಊಟ ಕಾಕಾನ ಮನೆಯಲ್ಲೇ ಇತ್ತು. ಬೇರೆ ಕಡೆ ಮೂರು ಊಟ ಮುಗಿಸಿ ಬಂದಿದ್ದ ಪಾಸ್ಟರ್, ಗಂಟಲು ಕಟ್ಟಿದೆಯೆಂದು ಸನ್ನೆ ಮಾಡಿದರು. ಎಲ್ಲರೂ ಕಾಕಾನ ಕಡೆ ನೋಡಿದರು. ಅವನು ಎಂದಿನಂತೆ ಬೆಳೆದವರಿಗೆ, ಬೇಯಿಸಿದವರಿಗೆ, ನೀಡುವವರಿಗೆ ಉಪಕಾರ ಹೇಳಿ, ಯಾರೂ ಹಸಿದು ಮಲಗಬಾರದು ಎಂದ. ನಮ್ಮ ಕೈ ಎಲೆಗೆ ಹೋಗಬೇಕು, ಅಷ್ಟರಲ್ಲಿ ಅಡುಗೆಮನೆಯಿಂದ ಒಂದು ಗರ್ಜನೆ.

"ತಡೀರಿ!"

ಕೈಗಳೆಲ್ಲ ಗಾಳಿಯಲ್ಲೇ ನಿಂತವು. ಬಾಗಿಲಲ್ಲಿ ಕಾಕು, ಕೈಯಲ್ಲಿ ಹುಗ್ಗಿಯ ಸೌಟು, ಕಣ್ಣು ಗಟ್ಟಿ ಮುಚ್ಚಿದೆ.

"ಯೇಸುವಿನ ನಾಮದಲ್ಲಿ, ಆಮೆನ್! ಈಗ ಉಣ್ರಿ!"

ಕಣ್ಣು ತೆರೆದು ನೇರ ಪಾಸ್ಟರ್ ಕಡೆ ತಿರುಗಿದಳು. "ಅರ್ಜಿ ಅವರದು, ಮ್ಯಾಲ ಒತ್ತೂ ಶಿಕ್ಕಾ ನಂದು. ಮ್ಯಾಲ ತಗೋತಾರೋ ಇಲ್ಲೋ?"

ಪಾಸ್ಟರ್ ಬಾಯಲ್ಲಿ ಆಗಲೇ ಹುಗ್ಗಿಯಿತ್ತು. ನುಂಗಿ, ತಾಲ್ಲೂಕು ಕಚೇರಿಯವರ ಧಾಟಿಯಲ್ಲಿ, "ತಗೋಬೌದ್ರಿ, ನೋಡೂಣು" ಎಂದರು. ಕಾಕಾ ತಲೆ ತಗ್ಗಿಸಿ ನಗುತ್ತಿದ್ದ. ಮನೆಯಲ್ಲಿ ಮತ್ತೆ ಮಾತು ಶುರುವಾಯಿತು. ಅಲ್ಲಿಂದ ಮುಂದೆ ಯಾರ ಮನೆಯ ಊಟವಿರಲಿ, ಇವನದು ಅರ್ಜಿ, ಅವಳದು ಶಿಕ್ಕಾ. ಅವಳು ಎಲ್ಲಿದ್ದರೂ, ಹಿತ್ತಲಲ್ಲಿ ಕೈ ತೊಳೆಯುತ್ತಿದ್ದರೂ ಸರಿ, ಸರಿಯಾದ ಹೊತ್ತಿಗೆ ಆ "ತಡೀರಿ" ಬರುತ್ತಿತ್ತು.

ಹೀಗೆ ವರ್ಷಗಳು ನಡೆದವು. ಆಮೇಲೊಂದು ಮಳೆಗಾಲ ಜ್ವರದ ನೆಪವಾಗಿ ಕಾಕು ಹೋಗಿಬಿಟ್ಟಳು.

ಮಣ್ಣು ಮಾಡಿ ಬಂದು ಎಲ್ಲರೂ ಊಟಕ್ಕೆ ಕುಳಿತೆವು. ಅನ್ನ, ಸಾರು. ಪಾಸ್ಟರ್ ಕೂಡ ಪಂಕ್ತಿಯಲ್ಲಿದ್ದರು. ಯಾರೂ ಕಾಕಾನನ್ನು ಕೇಳಲಿಲ್ಲ, ಕೇಳುವ ಬಾಯಿ ಯಾರಿಗಿತ್ತು? ಅವನೇ ಎದ್ದು ನಿಂತ.

"ಬೆಳದಾವ್ರಿಗೆ, ಬೇಸಿದಾವ್ರಿಗೆ, ನೀಡಾವ್ರಿಗೆ ಉಪಕಾರ ಆತ್ರಿ. ಇಷ್ಟ ವರ್ಷ ನನಗ ನೀಡಿದಾಕಿಗೆ ಭಾಳ ಉಪಕಾರ ಆತು. ಯಾರೂ ಹಸದ ಮಲಗಬಾರದು."

ಉಣ್ಣಿರಿ ಎನ್ನಲಿಲ್ಲ, ಕುಳಿತುಕೊಳ್ಳಲೂ ಇಲ್ಲ. ನಾವು ಯಾರೂ ಎಲೆ ಮುಟ್ಟಲಿಲ್ಲ. ಎಲ್ಲರ ಕಣ್ಣೂ ಅಡುಗೆಮನೆಯ ಬಾಗಿಲಿಗೆ ಹೋಗಿದ್ದವು. ಕಾಕಾನೂ ಅಲ್ಲೇ ನೋಡುತ್ತಿದ್ದ. ಆಗ ಅವನು, ನಮ್ಮ ದೇವಪುತ್ರ ಕಾಕಾ, ಹುಟ್ಟಿದಾಗಿನಿಂದ ಹಟ ಬಿಡದವನು, ಬಾಗಿಲನ್ನೇ ನೋಡುತ್ತ ನಿಧಾನವಾಗಿ ಹೇಳಿದ.

"ತಡೀರಿ. ಯೇಸುವಿನ ನಾಮದಲ್ಲಿ, ಆಮೆನ್. ಈಗ ಉಣ್ರಿ."

ಎಲ್ಲರಿಗಿಂತ ಮೊದಲು ಬಿಕ್ಕಿದವರು ಪಾಸ್ಟರ್. ಚರ್ಚಿನ ಹಿರಿಯರಂತೂ ಕಾಕಾನ ಮನಸ್ಸು ತಿರುಗಿತು, ರೂತಮ್ಮನ ಪ್ರಾರ್ಥನೆ ಫಲಿಸಿತು ಎಂದು ಕಣ್ಣೀರಿನಲ್ಲೂ ಖುಷಿಪಟ್ಟರು. ನನಗೆ ತಡೆಯಲಾಗಲಿಲ್ಲ. ಹಿತ್ತಲಲ್ಲಿ ಅವನ ಕೈಗೆ ನೀರು ಹಾಕುತ್ತ ಕೇಳಿಯೇಬಿಟ್ಟೆ.

"ಕಾಕಾ, ನಂಬಿದೇನು?"

"ಇಲ್ಲವ್ವಾ. ಅದು ನನ್ನ ಮಾತಲ್ಲ. ಆಕಿ ಪಾಳಿ ಬಂದಿತ್ತು, ಆಕಿ ಇರಲಿಲ್ಲ. ಆಕಿ ಪರವಾಗಿ ನಾ ಹೇಳಿದೆ." ಕೈ ಒರೆಸಿಕೊಳ್ಳುತ್ತ, "ಆಕಿ ಹೇಳೂ ಜಾಗಾ ಒಂದ ವ್ಯಾಳೆ ಇತ್ತಂದ್ರ, ನಂದೇನೂ ಚಿಂತಿ ಇಲ್ಲ. ಈಗಾಗಲೇ ಬಾಗಲದಾಗ ನಿಂತು ನನ್ನ ಸಲುವಾಗಿ ಜಗಳಾ ತಗದಿರ್ತಾಳ," ಎಂದ.

ತಾನು ಹೋಗುವವರೆಗೂ ಅವನು ಊಟದಲ್ಲಿ ಎರಡೂ ಪಾಳಿ ಮುಗಿಸುತ್ತಿದ್ದ. ಅವನು ಹೋಗಿಯೂ ಈಗ ಕೆಲವು ವರ್ಷಗಳಾದವು.

ಭಾನುವಾರದ ಪ್ರಾರ್ಥನೆ ಅಂತೂ ಮುಗಿಯಿತು. ಗಂಡಸರು ಪದರ ಸರಿಸಿಕೊಂಡು ಹುಗ್ಗಿ ಉಂಡರು, ನಾನು ಮಾತ್ರ ಎಲೆ ಮುಂದೆ ಕುಳಿತವಳು ಏನೋ ನೆಪ ಹೇಳಿ ಎದ್ದು ಬಡಿಸಲು ನಿಂತೆ. ಪಾಸ್ಟರ್ ಹೊರಟುಹೋದ ಮೇಲೆ ಕಡೆಯ ಪಂಕ್ತಿ, ಬೆಳಗಿನಿಂದ ಒಲೆಯ ಮುಂದೆ ಇದ್ದ ಹೆಂಗಸರದ್ದು. ನಾನೂ ಅವರ ಜೊತೆ ಕುಳಿತೆ. ಬೋಗುಣಿಯ ತಳದ ಹುಗ್ಗಿಯನ್ನು ಮತ್ತೆ ಬಿಸಿ ಮಾಡಿ ಹಾಕಿದರು. ಆವಿ ಏಳುತ್ತಿತ್ತು.

"ಚಿಗವ್ವಾ, ನೀವರ ಎರಡ ಮಾತು ಅನ್ರಿ," ಎಂದಳು ಅಕ್ಕನ ಸೊಸೆ. ಇಷ್ಟು ವಯಸ್ಸಾದರೂ ನಾನು ಕಾಕಾನ ಕಡೆಯವಳೋ ಕಾಕುವಿನ ಕಡೆಯವಳೋ ನನಗೇ ಗೊತ್ತಿಲ್ಲ. ಆದರೆ ಹುಗ್ಗಿ ಕಾಯುವುದಿಲ್ಲವಲ್ಲ. ಎದ್ದು ನಿಂತೆ. ಎರಡೂ ಕಣ್ಣು ತೆರೆದು, ಮಸಿ ಹತ್ತಿದ ಆ ಕೈಗಳನ್ನು, ದಣಿದ ಆ ಮುಖಗಳನ್ನು ಒಬ್ಬೊಬ್ಬರದಾಗಿ ನೋಡುತ್ತ ಗೋಧಿ ಬೆಳೆದವರಿಗೆ, ಕುಟ್ಟಿದವರಿಗೆ, ಒಲೆಯ ಮುಂದೆ ಬೆಂದವರಿಗೆ ಉಪಕಾರ ಹೇಳಿದೆ. ಈ ಊರಲ್ಲಿ ಯಾರೂ ಹಸಿದು ಮಲಗಬಾರದು ಎಂದೆ. ಹೆಂಗಸರ ಕೈ ಎಲೆಯತ್ತ ಹೊರಟವು.

"ತಡೀರಿ!" ಎಂದೆ, ನನಗೇ ಗಾಬರಿಯಾಗುವಷ್ಟು ಜೋರಾಗಿ. ಆಮೇಲೆ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಉಳಿದದ್ದನ್ನೂ ಹೇಳಿ ಮುಗಿಸಿದೆ.

"ಇಷ್ಟೇನ್ರಿ?" ಎಂದಳು ಸೊಸೆ.

"ಇಷ್ಟೇವ್ವಾ. ಬಿಸಿ ಅದ, ಉಣ್ರಿ."