ಕಾರ್ಡಿನಲ್ಲಿ ಬರೆದ ಎರಡು

ಡಾಕ್ಟರು ಕರೆಯುವುದನ್ನು ಕೇಳಿ ಕೇಳಿ, ಆ ಕ್ಲಿನಿಕ್ಕಿಗೆ ನಾಯಿ ತರುವವರೆಲ್ಲ ಅಲ್ಲಿ ಕೆಲಸಕ್ಕಿದ್ದ ಹಿರಿಯರನ್ನು ‘ಮಾವ’ ಎಂದೇ ಕರೆಯುತ್ತಿದ್ದರು. ಡಾಕ್ಟರು ಅವರ ಸ್ವಂತ ಅಳಿಯ. ಕಾರ್ಖಾನೆ ಮುಚ್ಚಿ ಕೆಲಸ ಹೋದಾಗ ಮಗಳು ಹಟ ಹಿಡಿದು ಕರೆತಂದಳು. ಅಳಿಯ ಕ್ಲಿನಿಕ್ಕಿನ ಮಹಡಿಯ ತನ್ನ ಮನೆಯಲ್ಲೊಂದು ಕೋಣೆ ಕೊಟ್ಟ. ಕೆಳಗೆ ಕೆಲಸವನ್ನೂ ಕೊಟ್ಟ: ನಾಯಿ ಹಿಡಿಯುವುದು, ಮೇಜು ಒರೆಸುವುದು, ಬಾಯಿ ಮುಚ್ಚಿಕೊಂಡಿರುವುದು. ಕೊನೆಯದನ್ನು ಯಾರೂ ಹೇಳಿರಲಿಲ್ಲ ಬಿಡಿ, ಮಾವ ತಾವೇ ಕಲಿತರು.

ಗೋಡೆಯ ಮೇಲೊಂದು ಗಂಡುನಾಯಿಯ ಒಳಾಂಗಗಳ ಚಿತ್ರಪಟ. ದಿನಾ ಅದರ ಧೂಳು ಒರೆಸಿ, ಅಳಿಯ ಜನರಿಗೆ ವಿವರಿಸುವುದನ್ನು ಕೇಳಿ, ಮಾವನಿಗೆ ಎಲ್ಲವೂ ಬಾಯಿಪಾಠವಾಗಿತ್ತು. ಮೆದುಳಿನಿಂದ ಹೊರಟ ಆಜ್ಞೆ ರಕ್ತದಲ್ಲಿಳಿದು ಬೀಜಕ್ಕೆ ಮುಟ್ಟುತ್ತದೆ. ಬೀಜ ಗಂಡು ಹಾರ್ಮೋನು ತಯಾರಿಸಿ, ಇನ್ನು ಸಾಕು ಎಂದು ಮೆದುಳಿಗೇ ಮರಳಿ ತಿಳಿಸುತ್ತದೆ. ಕೆಳಗಿಳಿಯದೆ ಹೊಟ್ಟೆಯೊಳಗೇ ಉಳಿದ ಬೀಜ ಗಂಟಾದರೆ ಮಾತ್ರ ಯಾರ ಮಾತೂ ಕೇಳದೆ ಹೆಣ್ಣು ಹಾರ್ಮೋನು ಸುರಿಸತೊಡಗಬಹುದು. ಆಗ ಕೂದಲು ಉದುರಿ, ಮೊಲೆ ಊದಿ, ಕೊನೆಗೆ ರಕ್ತವೇ ಬತ್ತುತ್ತದೆ.

ಅಂಥದೇ ನಾಯಿ ಆ ಮಧ್ಯಾಹ್ನ ಮೇಜಿನ ಮೇಲೆ ನಿಂತಿತ್ತು. ಟೈಲರಮ್ಮನ ಸರದಾರ.

‘ಇದೇನ್ ಗ್ರಹಚಾರ ಡಾಕ್ಟ್ರೇ! ಕೂದಲೆಲ್ಲ ಉದುರ್ತಿದೆ, ಬೀದಿ ಗಂಡುನಾಯಿಗಳೆಲ್ಲ ಇದರ ಹಿಂದೇನೇ ಬರ್ತವೆ. ಮೂರು ವರ್ಷದ ಹಿಂದೆ ನೀವೇ ಬೀಜ ತೆಗೆದಿದ್ರಲ್ಲ?’

ಅಳಿಯ ಹಳೆಯ ಕಾರ್ಡು ನೋಡಿದ. ‘ಎರಡೂ ತೆಗೆದಿದೆ ಅಂತ ಬರೆದಿದೆಯಲ್ಲಮ್ಮ. ಇದು ಚರ್ಮದ ಅಲರ್ಜಿ. ಮುಲಾಮು ಕೊಡ್ತೀನಿ.’

ಅಂದು ಸರದಾರನ ಕಾಲು ಹಿಡಿದಿದ್ದವರು ಮಾವನೇ. ಕೆಳಗಿಳಿದಿದ್ದುದು ಒಂದೇ ಬೀಜ. ಇನ್ನೊಂದಕ್ಕಾಗಿ ಅಳಿಯ ಹೊಟ್ಟೆಯೊಳಗೆ ತಡಕಾಡಿ, ಬೆವತು, ‘ಸಿಗ್ತಿಲ್ಲ, ಬಿಡಿ ಮಾವ’ ಎಂದು ಹೊಲಿದುಬಿಟ್ಟಿದ್ದ. ಕಾರ್ಡಿನಲ್ಲಿ ಮಾತ್ರ ಎರಡು ಎಂದು ಬರೆದ. ಮಾವ ತೆಪ್ಪಗೆ ಮೇಜು ಒರೆಸಿದ್ದರು.

ಈಗ ಹೇಳಿದರೆ ಅಳಿಯನ ಮಾನ ಹರಾಜು, ಮಗಳ ಸಂಸಾರ ಅಲ್ಲೋಲಕಲ್ಲೋಲ. ಹೇಳದಿದ್ದರೆ ಈ ಮೂಕಪ್ರಾಣಿ ಮುಲಾಮು ಸವರಿಸಿಕೊಂಡೇ ಸಾಯುತ್ತದೆ. ಥೂ, ಇದೂ ಒಂದು ಬಾಳೇ ಎಂದು ಅವರಿಗೆ ತಮ್ಮ ಮೇಲೇ ಹೇಸಿಗೆಯಾಯಿತು. ಸರದಾರ ಅವರ ಅಂಗೈ ನೆಕ್ಕಿತು. ಅದರ ಒಸಡು ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು.

‘ಮಾವ, ಅವತ್ತು ನೀವೂ ಇದ್ರಲ್ಲ,’ ಎಂದರು ಟೈಲರಮ್ಮ. ‘ಇದು ಬರೀ ಅಲರ್ಜೀನೇನಾ?’

‘ಒಂದೇ ಸಿಕ್ಕಿದ್ದು, ತಾಯಿ. ಇನ್ನೊಂದು ಹೊಟ್ಟೇಲೇ ಇದೆ. ಬೇಗ ಬೇರೆ ಕಡೆ ತೋರಿಸಿ.’

ನಾಯಿಯನ್ನೆತ್ತಿಕೊಂಡು ಟೈಲರಮ್ಮ ಬಾಗಿಲು ದಾಟಿದರು. ಆಮೇಲೆ ಅಳಿಯ ಕೈ ತೊಳೆಯುತ್ತ, ತಿರುಗಿಯೂ ನೋಡದೆ ಹೇಳಿದ: ‘ಮಾವ, ನೀವಿನ್ನು ಮನೆಗೆ ಹೋಗಿ.’

ಮಾವ ಏಪ್ರನ್ ಬಿಚ್ಚಿ ಮೊಳೆಗೆ ಹಾಕಿದರು. ಹೊರಗೆ ಬಂದು ಬೀದಿಯ ಎರಡೂ ಕಡೆ ನೋಡಿದರು. ಅವರಿಗಿದ್ದ ಮನೆ ಈ ಮಹಡಿಯೊಂದೇ. ಕಂಬಿ ಹಿಡಿದು ಮೆಟ್ಟಿಲು ಹತ್ತತೊಡಗಿದರು.

ಮೇಲಿನಿಂದ ಮಗಳು ಕೂಗಿದಳು: ‘ಅಪ್ಪಾ, ಅವರನ್ನೂ ಕರ್ಕೊಂಡ್ ಬನ್ನಿ, ಊಟ ಬಡಿಸ್ತೀನಿ.’