ಬೀಗರಿಗೆ ‘ಬಾ’ ಎಂದ ಪ್ಲೇಟು

ಇದರಲ್ಲಿ ಕೆಲವು ಸಂಗತಿಗಳು ತಪ್ಪಿರಬಹುದು, ಮೊದಲೇ ಹೇಳಿಬಿಡುತ್ತೇನೆ. ಆ ಪ್ಲೇಟಿನ ನಡುವಿನ ಚೀಟಿ ಹಸಿರು ಬಣ್ಣದ್ದು ಎಂದು ನಾನು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೇನೆ. ಮಾಮಾ ನೀಲಿ ಎನ್ನುತ್ತಾನೆ. ಆ ಬೇಸಿಗೆಯಲ್ಲಿ ನನಗೆ ಒಂಬತ್ತು ತುಂಬಿತ್ತೋ ಹತ್ತೋ ಎಂಬುದರಲ್ಲಿ ಅವ್ವನಿಗೂ ನನಗೂ ಇನ್ನೂ ಜಗಳವಿದೆ. ದಿನಚರಿ ಬರೆಯುವ ಚಟ ಹತ್ತಿದ್ದು ಧಾರವಾಡಕ್ಕೆ ಓದಲು ಹೋದ ಮೇಲೆ. ಅದಕ್ಕೂ ಹಿಂದಿನದಕ್ಕೆ ನೆನಪೊಂದೇ ಆಧಾರ. ನಮ್ಮ ಮನೆಯಲ್ಲಂತೂ ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಒಗ್ಗರಣೆ ಕೊಡದೆ ಬಿಟ್ಟದ್ದಿಲ್ಲ.

ಆಗ ಕ್ಯಾಸೆಟ್ಟುಗಳು ಬಂದು ಪ್ಲೇಟುಗಳನ್ನು ಮೂಲೆಗೆ ತಳ್ಳುತ್ತಿದ್ದವು. ಗ್ರಾಮಫೋನ್ ರಿಕಾರ್ಡಿಗೆ ನಮ್ಮ ಕಡೆ ಎಲ್ಲರೂ ಪ್ಲೇಟು ಎಂದೇ ಅನ್ನುತ್ತಿದ್ದರು. ಸಾಲೆಗೆ ರಜೆ ಬಿಟ್ಟೊಡನೆ ನಾನು ಯಲಬುರ್ಗಾದಿಂದ ಗಂಗಾವತಿಯ ಅಜ್ಜಿಯ ಮನೆಗೆ ಓಡುತ್ತಿದ್ದೆ. ನಮ್ಮೂರಿನ ಕೆಂಪು ಧೂಳು ಬಿಟ್ಟು ಬಸ್ಸು ಕಾಲುವೆಯ ಸೀಮೆಗೆ ಇಳಿಯುತ್ತಿದ್ದಂತೆ ಕುದಿಸಿದ ಭತ್ತದ ವಾಸನೆ ಕಿಟಕಿಯಿಂದ ಒಳಗೆ ಬರುತ್ತಿತ್ತು. ಅಜ್ಜಿಯ ಮನೆಯ ಹಿಂದೆಯೇ ಒಂದು ರೈಸ್ ಮಿಲ್ಲು, ಅದರ ಭತ್ತ ಒಣಗಿಸುವ ಸಿಮೆಂಟಿನ ಕಣ. ಮಿಲ್ಲಿನ ಹೊಟ್ಟಿನ ಬೂದಿ ಹಾರಿ ಬಂದು ಮಾಳಿಗೆಯ ಮೇಲಿನ ಸಂಡಿಗೆಗೆ ಕರಿ ಎಳ್ಳು ಉದುರಿಸಿದಂತೆ ಕೂರುತ್ತಿತ್ತು. ಅದನ್ನು ಊದಿ ಊದಿ ತೆಗೆಯುವುದು ನನ್ನ ಕೆಲಸ. ಊದುವ ನೆಪದಲ್ಲಿ ಅರ್ಧ ಒಣಗಿದ ಸಂಡಿಗೆ ತಿನ್ನುವುದು ನನ್ನ ಸಂಬಳ.

ಅವ್ವನ ತಮ್ಮ ಶರಣಪ್ಪ ಮಾಮಾ ಮೈಕ್ ಸೆಟ್ ಇಟ್ಟಿದ್ದ. ಮದುವೆ, ಜಾವಳ, ಗೃಹಪ್ರವೇಶ, ಎಲ್ಲಿಗೆ ಕರೆದರೂ ಹಾರ್ನು, ಆಂಪ್ಲಿಫೈಯರು, ಪ್ಲೇಟು ಹೊತ್ತುಕೊಂಡು ಹೋಗುವವನು. ಕ್ಯಾಸೆಟ್ಟು ಬಂದ ಮೇಲೆ ಸಿನಿಮಾ ಹಾಡಿನ ಪ್ಲೇಟುಗಳನ್ನೆಲ್ಲ ಸಿಂಧನೂರಿನ ಕಡೆಯವರೊಬ್ಬರಿಗೆ ಕೊಟ್ಟುಬಿಟ್ಟ. ಒಂದು ಬಗೆಯವು ಮಾತ್ರ ಯಾರಿಗೂ ಬೇಡವಾಗಿ ಉಳಿದವು. ಹಿಂದೆ ಯಾವಾಗಲೋ ಹಾರ್ನಿನ ಯೂನಿಟ್ ತರಲು ಹೈದರಾಬಾದಿಗೆ ಹೋದಾಗ ಹಳೇ ಸಾಮಾನಿನ ಸಂತೆಯವನು, ಯಾರೋ ಮನೆ ಖಾಲಿ ಮಾಡಿದವರದ್ದೆಂದು, ಒಂದು ಡಬ್ಬಿ ಪರದೇಶದ ಪ್ಲೇಟುಗಳನ್ನು ಅವನ ತಲೆಗೆ ಕಟ್ಟಿದ್ದ. ಆ ಡಬ್ಬಿ ಬಿಚ್ಚಿ ಕೇಳಿದ ದಿನದಿಂದ ಮಾಮಾನಿಗೆ ಹುಚ್ಚು ಹಿಡಿಯಿತು. ಹೈದರಾಬಾದಿಗೆ ಹೋದಾಗೊಮ್ಮೆ ಅಂಥದ್ದೇ ಹುಡುಕಿ ಒಂದೋ ಎರಡೋ ತರುತ್ತಿದ್ದ. ಬರೀ ವಾದ್ಯ ಬಾರಿಸಿದ್ದು ಬೇಡ, ಮನುಷ್ಯರ ದನಿ ಇರಬೇಕು, ಅದರಲ್ಲಿ ಮಾತು ಇರದಿದ್ದರೆ ಇನ್ನೂ ಚೆಂದ. ನಾಲ್ಕಾರು ಜನ ಗಂಡಸರು ಹೆಂಗಸರು ಕೂಡಿಕೊಂಡು ದಬ ದೂಬ, ಶೂಬ ಶೂಬ ಎನ್ನುತ್ತ ಒಬ್ಬರ ಬೆನ್ನ ಹಿಂದೆ ಒಬ್ಬರು ಓಡುವ ಹಾಡುಗಳು ಅವು.

ಅಜ್ಜಿಗೆ ಅವುಗಳನ್ನು ಕಂಡರಾಗುತ್ತಿರಲಿಲ್ಲ. “ಪದದಾಗ ಪದಾನ ಇಲ್ಲಲ್ಲೊ ಶರಣ್ಯಾ. ಹಲ್ಲು ಬಿದ್ದವರು ಕೂಡಿ ಹಾಡಿದಂಗೈತಿ” ಎನ್ನುತ್ತಿದ್ದಳು.

ಇದು ಯಾವ ಜಾತಿಯ ಹಾಡೆಂದು ಮಾಮಾನಿಗೂ ತಿಳಿದಿರಲಿಲ್ಲ. ಒಮ್ಮೆ ಆನೆಗೊಂದಿಗೆ ಮೈಕ್ ಹಚ್ಚಲು ಹೋದಾಗ ಒಂದು ಪ್ಲೇಟನ್ನು ಬಗಲಲ್ಲಿ ಇಟ್ಟುಕೊಂಡು ಹೋಗಿ, ಅಲ್ಲಿ ಹೊಳೆದಂಡೆಯಲ್ಲಿ ಕೂತಿದ್ದ ಗಡ್ಡದ ಪರದೇಶಿಯೊಬ್ಬನಿಗೆ ತೋರಿಸಿದನಂತೆ. ಅವನು ಹಿರಿಹಿರಿ ಹಿಗ್ಗಿ ಬೆನ್ನು ತಟ್ಟಿ, ‘ಜಾಸ್, ಜಾಸ್’ ಎಂದನಂತೆ. ಮಾಮಾ ಮನೆಗೆ ಬಂದು ಹೇಳಿದ: “ಯವ್ವಾ, ಇದಕ್ಕ ಅವರು ಜಾಸ್ತಿ ಅಂತಾರಂತ.”

“ಖರೇನ ಅಂದಾನ” ಎಂದಳು ಅಜ್ಜಿ. “ಜಾಸ್ತಿನ ಆಗೇತಿ ನಿಂದು.”

ಅಂದಿನಿಂದ ನಮ್ಮ ಮನೆಯಲ್ಲಿ ಅವು ಜಾಸ್ತಿ ಹಾಡುಗಳು. ನಾನು ಜಾಝ್ ಎಂಬ ಮಾತನ್ನು ಪುಸ್ತಕದಲ್ಲಿ ಓದಿದ್ದು ಎಷ್ಟೋ ವರ್ಷಗಳ ಮೇಲೆ. ಓದಿದಾಗ ಹಳೇ ನೆಂಟರೊಬ್ಬರು ಬೇರೆ ಹೆಸರು ಇಟ್ಟುಕೊಂಡು ಎದುರಾದಂತಾಗಿತ್ತು.

ಆ ಬೇಸಿಗೆ ಗಿರಿಜಾ ಚಿಗವ್ವನ ಮದುವೆ ಗೊತ್ತಾಗಿತ್ತು. ಚಿಗವ್ವ ಎಂದರೆ ಅವ್ವನ ಕೊನೆಯ ತಂಗಿ. ಬೀಗರು ಕುಷ್ಟಗಿಯವರು. ಮನೆಗೆ ಸುಣ್ಣ ಹಚ್ಚಿಸುವಾಗಲೇ ಅಜ್ಜಿ ಮಾಮಾನಿಗೆ ಕಡ್ಡಿ ಮುರಿದಂತೆ ಹೇಳಿದ್ದಳು: ಮದುವೆ ಮುಗಿದ ಮರುದಿನವೇ ಗುಜರಿಯವನು ಬರುತ್ತಾನೆ, ಪ್ಲೇಟಿನ ಖೋಲಿ ಖಾಲಿ ಆಗಬೇಕು, ಅಲ್ಲಿ ಅಕ್ಕಿ ಚೀಲ ಇಡಬೇಕು. ಆ ದಿನದಿಂದ ಮಾಮಾ ಊಟಕ್ಕೆ ಕೂತಾಗ ಎರಡನೇ ಸಲ ಹುಳಿ ಕೇಳುವುದನ್ನು ಬಿಟ್ಟ. ನಮ್ಮ ಮನೆಯಲ್ಲಿ ದುಃಖ ಅಳೆಯುತ್ತಿದ್ದುದು ಹಾಗೆ.

ಮಧ್ಯಾಹ್ನ ಅಜ್ಜಿ ಮಲಗಿದ ಮೇಲೆ ನಾವು ಮೂವರು ಆ ಖೋಲಿ ಸೇರುತ್ತಿದ್ದೆವು. ಕಿಟಕಿಗೆ ನೀರು ಚಿಮುಕಿಸಿದ ಗೋಣಿತಟ್ಟು. ಸೂಜಿಯ ದನಿಯಷ್ಟೇ ಕೇಳುವಂತೆ ಮಾಮಾ ಸ್ಪೀಕರು ಸಣ್ಣಗೆ ಇಡುತ್ತಿದ್ದ. ಚಿಗವ್ವ ಹಪ್ಪಳದ ಹಿಟ್ಟು ನಾದುತ್ತಲೇ ಕೇಳುತ್ತಿದ್ದಳು. ಹಾಡು ಓಡಿದರೆ ಕೈಯೂ ಓಡುತ್ತಿತ್ತು. ಪ್ಲೇಟಿನ ಮೇಲಿನ ಅಕ್ಷರ ನಮಗೆ ಹತ್ತುತ್ತಿರಲಿಲ್ಲ. ಕೆಲವು ಅಕ್ಷರಗಳ ತಲೆಯ ಮೇಲೆ ಸೊನ್ನೆ ಇತ್ತು, ಚಿಗವ್ವ ಅದನ್ನು ನಮ್ಮ ಅನುಸ್ವಾರದಂತೆ ಮೂಗಿನಲ್ಲಿ ಓದಿ ನಗಿಸುತ್ತಿದ್ದಳು. ಹಾಗಾಗಿ ಹೆಸರುಗಳನ್ನು ನಾವೇ ಇಟ್ಟೆವು. ಒಂದು ಒಗ್ಗರಣಿ, ಸಾಸಿವೆ ಸಿಡಿದಂತೆ ಹಾಡುತ್ತಿತ್ತು. ಒಂದು ರೈಸ್ ಮಿಲ್, ಗಂಡಸಿನ ದಪ್ಪ ದನಿ ಬೆಲ್ಟಿನಂತೆ ತಿರುಗುತ್ತಿತ್ತು. ಒಂದು ಕೆಮ್ಮೋ ಹೆಂಗಸು. ಹಾಡು ಮುಗಿದ ಮೇಲೆ ಅದರಲ್ಲಿ ಯಾರೋ ನಿಜಕ್ಕೂ ಕೆಮ್ಮುತ್ತಿದ್ದರು. ಚಿಗವ್ವನಿಗೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾದದ್ದು ಬಾ ಬಾ. ನಾಲ್ಕು ಹುಡುಗಿಯರ ದನಿ, ಬಾ ಬಾ ಬಾ ಎಂದು ಮೆಲ್ಲಗೆ ಸುರುವಾಗಿ ಮೆಟ್ಟಿಲು ಹತ್ತಿದಂತೆ ಮೇಲೆ ಹೋಗಿ, ತುದಿಯಲ್ಲಿ ನಕ್ಕು ಮತ್ತೆ ಕೆಳಗಿಳಿಯುತ್ತಿತ್ತು. “ಇನ್ನೊಂದು ಸಲ ಹಚ್ಚೊ ಅಣ್ಣಾ” ಎನ್ನುತ್ತಿದ್ದಳು, ಹಿಟ್ಟಿನ ಕೈಯಲ್ಲೇ.

ಮದುವೆಯ ಹಂದರ ಹಾಕಿದ್ದು ಮಿಲ್ಲಿನ ಸಿಮೆಂಟ್ ಕಣದಲ್ಲಿ. ಖೋಲಿಯ ಕಿಟಕಿ ಕಣಕ್ಕೆ ತೆರೆಯುತ್ತಿದ್ದುದರಿಂದ ಮಾಮಾ ಆಂಪ್ಲಿಫೈಯರು, ಹೊಸ ಕ್ಯಾಸೆಟ್ ಯಂತ್ರ, ಹಳೇ ಪ್ಲೇಟಿನ ಯಂತ್ರ ಎಲ್ಲವನ್ನೂ ಅಲ್ಲೇ ಕಿಟಕಿಯ ಹತ್ತಿರ ಜೋಡಿಸಿದ್ದ. ಪಕ್ಕದ ಕೋಣೆಯಲ್ಲಿ ಅರಿಸಿನ ಹಚ್ಚಿಸಿಕೊಂಡ ಚಿಗವ್ವ, ಅವಳ ಗೆಳತಿಯರು. ನಾನು ಎರಡರ ನಡುವಿನ ಬಾಗಿಲಲ್ಲಿ ನಿಂತಿದ್ದೆ. ನಿಂತಿದ್ದೆ ಎಂದು ನನ್ನ ನಂಬಿಕೆ. ಅವ್ವನ ಪ್ರಕಾರ ನಾನು ಬುಂದೆಯ ಕೊಪ್ಪರಿಗೆಯ ಹತ್ತಿರ ಇದ್ದೆ.

ಬೀಗರ ಲಾರಿ ಬಂತು. ಅಜ್ಜಿ, ಅವ್ವ, ಹಿರಿಯರು ಕಾಲಿಗೆ ನೀರು, ಕೈಗೆ ಬೆಲ್ಲ ಹಿಡಿದು ಇದಿರುಗೊಳ್ಳಲು ಹೋದರು. ಹಾರ್ನಿನಲ್ಲಿ ಶಹನಾಯಿ ಕ್ಯಾಸೆಟ್ಟು ನುಡಿಯುತ್ತಿತ್ತು. ಸರಿಯಾಗಿ ಆಗಲೇ ಅದು ಅಳುಬುರುಕ ಬೆಕ್ಕಿನಂತೆ ಎಳೆದು, ಗೊಣಗಿ, ನಿಂತುಹೋಯಿತು. ಬಿಸಿಲಿಗೆ ರೀಲು ಯಂತ್ರದೊಳಗೆ ಸುತ್ತಿಕೊಂಡಿತ್ತು. ಬೀಗರು ಬಾಗಿಲಿಗೆ ಬಂದಿದ್ದಾರೆ, ಹಾರ್ನು ಮೂಕಾಗಿದೆ. ಮಾಮಾ ರೀಲು ಬಿಡಿಸುತ್ತ, ತಿರುಗಿಯೂ ನೋಡದೆ, ಹಿಂದಕ್ಕೆ ಕೈ ಚಾಚಿ ಯಾವುದಾದರೂ ಪ್ಲೇಟು ಕೊಡಿರೆಂದ. ಯಾರೋ ಕೊಟ್ಟರು. ಅವನು ಹಚ್ಚಿದ.

ಮಿಲ್ಲಿನ ಸದ್ದನ್ನೂ ಮುಚ್ಚಿಹಾಕುವಂತೆ ಹಾರ್ನಿನಿಂದ ನಾಲ್ಕು ಹುಡುಗಿಯರು ಕರೆದರು: ಬಾ, ಬಾ, ಬಾ, ಬಾ.

ವರನ ದೊಡ್ಡಪ್ಪನ ಒಂದು ಕಾಲು ನೀರಿನ ಪರಾತದಲ್ಲಿತ್ತು. ಇನ್ನೊಂದು ಕಾಲು ಮೇಲೆಯೇ ನಿಂತಿತು. ಸಿದ್ರಾಮಪ್ಪ ಎಂದು ಅವರ ಹೆಸರು. ದೊಡ್ಡ ರುಮಾಲು, ಅದಕ್ಕೂ ದೊಡ್ಡ ಮೀಸೆ.

“ಏನ್ರಿ ಇದು? ಬೀಗರಿಗೆ ಬಾ ಅಂತೀರೇನು? ಒಂದು ‘ರಿ’ ಹಚ್ಚಾಕ ಬರೂದಿಲ್ಲೇನು ಗಂಗಾವತಿ ಮಂದಿಗೆ?”

ಅವರ ಹಿಂದಿದ್ದ ಹುಡುಗನೊಬ್ಬ ಕರೆಯುತ್ತಿರುವುದು ಒಬ್ಬರಲ್ಲ, ನಾಲ್ಕು ಮಂದಿ ಕೂಡಿ ಎಂದು ಸೇರಿಸಿದ. ಕೆಲವರು ನಕ್ಕರು, ಸಿದ್ರಾಮಪ್ಪ ಮತ್ತೂ ಕೆಂಪಾದರು. ಅಜ್ಜಿ ಕಿಟಕಿಯ ಕಡೆ ತಿರುಗಿ ಬಂದ್ ಮಾಡೆಂದು ಕೈ ಬೀಸಿದಳು. ಗಾಬರಿಯಲ್ಲಿ ಮಾಮಾ ತಪ್ಪು ಗುಂಡಿ ತಿರುಗಿಸಿದ. ಬಾ ಬಾ ಇನ್ನೂ ಜೋರಾಗಿ ಓಣಿಗೆಲ್ಲ ಕೇಳಿತು. ಹಾಡು ಮೆಟ್ಟಿಲು ಹತ್ತಿ, ತುದಿಗೆ ಹೋಗಿ, ಅಲ್ಲಿ ನಕ್ಕಿತು. ಬೀಗರನ್ನು ಏಕವಚನದಲ್ಲಿ ಕರೆದು ಮೇಲೆ ನಕ್ಕದ್ದು. ಆ ಗಳಿಗೆಯಲ್ಲಿ ಅಜ್ಜಿಯ ಮುಖ ನೋಡಿದ ಯಾರಿಗಾದರೂ ಗುಜರಿಯವನು ನಾಳೆಯವರೆಗೂ ಕಾಯಬೇಕಿಲ್ಲ ಎಂದು ತಿಳಿಯುತ್ತಿತ್ತು.

ಆಗ ಲಾರಿಯ ಹಿಂಬದಿಯಿಂದ ಇಬ್ಬರು ಇಳಿಸಿಕೊಂಡ ಒಬ್ಬ ಸಣ್ಣ ಮುದುಕಿ ಮುಂದೆ ಬಂದಳು. ವರನ ಅಜ್ಜಿ, ಅಂದರೆ ಸಿದ್ರಾಮಪ್ಪನವರ ತಾಯಿ.

“ಯಾಕಪಾ ಸಿದ್ರಾಮ, ನಿಂತಿ? ಬರ್ರಿ ಅನ್ನೂದು ಹೊರಗಿನವರಿಗೆ, ಬಾ ಅನ್ನೂದು ಮನಿ ಮಂದಿಗೆ. ನಿನ್ನ ಹೇಣ್ತಿ ತವರಮನ್ಯಾಗ ನಿನಗ ಇನ್ನೂ ಬರ್ರಿ ಅಂತಾರಲ್ಲ, ಸಿಟ್ಟು ಮಾಡೂದಾದ್ರ ಅಲ್ಲಿ ಹೋಗಿ ಮಾಡು.”

ಹಂದರವೆಲ್ಲ ನಕ್ಕಿತು. ಮೊದಲು ನಕ್ಕವರು ಸಿದ್ರಾಮಪ್ಪನವರ ಹೆಂಡತಿ. ಇನ್ನೊಂದು ಕಾಲು ಪರಾತಕ್ಕೆ ಇಳಿಯಿತು.

ಮುದುಕಿ ಕಿಟಕಿಯ ಹತ್ತಿರ ಬಂದು, ಕೈಯನ್ನು ಕಿವಿಗೆ ಮಡಿಸಿ ಹಾಡು ಮುಗಿಯುವವರೆಗೂ ನಿಂತಳು. ಆಮೇಲೆ ಮಾಮಾನನ್ನು ಕೇಳಿದಳು: “ಈ ಹುಡುಗೇರು ಯಾವೂರವರು?”

“ಭಾಳ ದೂರದವರ್ರಿ ಅಮ್ಮಾರ.”

“ಉಂಡಾರೇನು? ನಸುಕಿನಾಗಿಂದ ಹಾಡಾಕ್ಹತ್ತಿರಬೇಕು ಪಾಪ.”

ಮಾಮಾ ಪ್ಲೇಟನ್ನು ಎತ್ತಿ ತೋರಿಸಿದ. ಅವಳು ಅದನ್ನು ಎರಡೂ ಕಡೆ ತಿರುವಿ ನೋಡಿದಳು, ನಡುವಿನ ತೂತಿನಿಂದ ಅವನ ಮುಖವನ್ನೂ ನೋಡಿದಳು. ಮರುದಿನ ಹೆಣ್ಣೊಪ್ಪಿಸುವಾಗ, ಉಡುಗೊರೆಯಾಗಿ ಕೊಟ್ಟ ಆಯಾರದ ಸೀರೆಯನ್ನು ಪಕ್ಕಕ್ಕಿಟ್ಟು, ತನಗೆ ಆಯಾರ ಕೊಡುವುದಾದರೆ ಆ ಹುಡುಗಿಯರನ್ನು ಕೊಡಿ ಎಂದಳು. “ಸೊಸಿ ಜೋಡಿ ಬರಲಿ. ಹೊಸಾ ಮನ್ಯಾಗ ಒಬ್ಬಾಕಿನ ಆಗ್ತಾಳ.”

ಮಾಮಾನ ಮುಖ ನನಗೆ ಕಾಣಲಿಲ್ಲ. ಅವನು ಒಳಗೆ ಹೋಗಿ ತುಸು ಹೊತ್ತು ಮಾಡಿದ. ಅವನಲ್ಲಿದ್ದ ಪ್ಲೇಟುಗಳಲ್ಲೆಲ್ಲ ಒಳ್ಳೆಯದೇ ಅದು. ತನ್ನ ಟವೆಲಿನಲ್ಲಿ ಒರೆಸಿ, ಅದೇ ಟವೆಲಿನಲ್ಲಿ ಸುತ್ತಿ ತಂದು ಮುದುಕಿಯ ಉಡಿಯಲ್ಲಿಟ್ಟ. ಮೇಲಿನ ಕಾಗದದ ಚೀಲ ಡಬ್ಬಿಯಲ್ಲೇ ಉಳಿಯಿತು.

ಲಾರಿ ಹೋದ ಮೇಲೆ ಗುಜರಿಯವನು ತಕ್ಕಡಿ ಹಿಡಿದು ಬಂದ. ಅಜ್ಜಿ ಅವನಿಗೆ ತಾಟಿನ ತುಂಬ ಬುಂದೆ, ಮಾದಲಿ ಕೊಟ್ಟು ಬರಿಗೈಯಲ್ಲಿ ಕಳಿಸಿದಳು. ಆಮೇಲೆ ಮಾಮಾನಿಗೆ ಹೇಳಿದಳು: “ಬೀಗರು ಬೇಡಿ ಒಯ್ದ ಸಾಮಾನು ನಾವು ಗುಜರಿಗೆ ಹಾಕಿದ್ರ ಮಂದಿ ಏನಂದಾರು? ಇರಲಿ, ಬಿದ್ದಿರಲಿ.” ಆ ರಾತ್ರಿ ಊಟದಲ್ಲಿ ಮಾಮಾ ಎರಡನೇ ಸಲ ಹುಳಿ ಕೇಳಿದ. ಮೂರನೇ ಸಲವೂ.

ಕುಷ್ಟಗಿಯ ಮನೆಯಲ್ಲಿ ಪ್ಲೇಟು ಹಚ್ಚುವ ಯಂತ್ರವೇ ಇರಲಿಲ್ಲ. ಮುದುಕಿ ಅದನ್ನು ಪಡಸಾಲೆಯ ಗೋಡೆಯ ಮೊಳೆಗೆ, ಕನ್ನಡಿಯ ಪಕ್ಕ, ನಡುವಿನ ತೂತಿನಿಂದ ನೇತು ಹಾಕಿದ್ದಳು. ಮುಂದೊಂದು ರಜೆಯಲ್ಲಿ ಹೋದಾಗ ನೋಡಿದೆ: ಊಟಕ್ಕೆ ಕರೆಯುವಾಗ ಚಿಗವ್ವ ಆ ಹಾಡಿನ ಧಾಟಿಯಲ್ಲೇ ಕರೆಯುತ್ತಿದ್ದಳು, ಮನೆಮಂದಿಯೆಲ್ಲ ಅದೇ ಧಾಟಿಯಲ್ಲಿ ಓಗೊಡುತ್ತಿದ್ದರು. ಸಿದ್ರಾಮಪ್ಪನವರೂ, ಮೀಸೆಯ ಒಳಗಿನಿಂದ.

ಈಗ ನಾನೂ ಅಂಥ ಪ್ಲೇಟುಗಳನ್ನು ಹುಡುಕಿ ಕೂಡಿಡುತ್ತೇನೆ. ಹಾಡಿದವರ ಊರಿನವರೇ ಮರೆತ ಹಾಡುಗಳನ್ನು ಅಂತರ್ಜಾಲದಲ್ಲಿ ಹುಡುಕುವ ಹುಚ್ಚರು ಲೋಕದಲ್ಲಿ ಇನ್ನೂ ಇದ್ದಾರೆ. ಅವರೊಡನೆ ಪತ್ರ ವ್ಯವಹಾರವಿದೆ. ತಲೆಯ ಮೇಲೆ ಸೊನ್ನೆ ಇರುವ ಅಕ್ಷರ ಸ್ವೀಡನ್ನಿನ ಕಡೆಯದು ಎಂದು ಕಲಿತೆ. ಒಗ್ಗರಣಿಯ ನಿಜವಾದ ಹೆಸರು ಗೊತ್ತಾಯಿತು, ರೈಸ್ ಮಿಲ್ಲಿನದೂ. ಗೊತ್ತಾದ ದಿನ ಮಾಮಾನಿಗೆ ಫೋನು ಮಾಡಿ ಹೇಳಿದೆ. ಹೌದೇನು ಎಂದ, ಅಷ್ಟೇ. ನನಗೂ ಆಮೇಲೆ ಆ ಹಾಡಿನಲ್ಲಿ ಸಾಸಿವೆ ಸಿಡಿಯುವುದು ಮೊದಲಿನಷ್ಟು ಚೆನ್ನಾಗಿ ಕೇಳಲಿಲ್ಲ. ಬಾ ಬಾ ಮಾತ್ರ ಇನ್ನೂ ಸಿಕ್ಕಿಲ್ಲ. ಯಾರನ್ನು ಕೇಳುವುದಾದರೂ ಹೇಗೆ? ಬೀಗರನ್ನು ಏಕವಚನದಲ್ಲಿ ಕರೆಯುವ ಹಾಡು ಇದೆಯೇ ಎಂದು ಬರೆಯಲಾಗುತ್ತದೆಯೇ? ಕುಷ್ಟಗಿಯ ಮನೆ ಹೊಸದಾಗಿ ಕಟ್ಟಿಸುವಾಗ ಆ ಗೋಡೆ ಹೋಯಿತು, ಮುದುಕಿ ಅದಕ್ಕೂ ಮೊದಲೇ ಹೋಗಿದ್ದಳು, ಪ್ಲೇಟು ಏನಾಯಿತೋ ಯಾರಿಗೂ ನೆನಪಿಲ್ಲ. ಈಗಿನ ಮದುವೆಗಳಲ್ಲಿ ಡಿಜೆಯ ಸದ್ದಿಗೆ ಬಾ ಎಂದರೋ ಬರ್ರಿ ಎಂದರೋ ಕೇಳುವುದೇ ಇಲ್ಲ, ಸಿಟ್ಟಾಗುವುದಕ್ಕಾದರೂ ಕೇಳಿಸಬೇಕಲ್ಲ.

ಹೋದ ತಿಂಗಳು ಗಂಗಾವತಿಗೆ ಹೋಗಿದ್ದಾಗ ಮಾಮಾನ ಡಬ್ಬಿಗಳನ್ನು ಒರೆಸುತ್ತ ಕೂತಿದ್ದೆ. ತಳದಲ್ಲಿ ಒಂದೇ ಒಂದು ಖಾಲಿ ಚೀಲ ಸಿಕ್ಕಿತು, ಬಾ ಬಾ ಪ್ಲೇಟಿನದು, ಹೆಸರಿನ ಅಚ್ಚಿಲ್ಲದ ಬರೀ ಕಾಗದ. ಅದರ ಮೂಲೆಯಲ್ಲಿ ಮಾಸಿದ ಹಳದಿ ಹೆಬ್ಬೆರಳಿನ ಗುರುತು. ಅರಿಸಿನ. ಮದುವೆಮನೆಯಲ್ಲಿ ಅರಿಸಿನ ಯಾರ ಕೈಗೆ ತಾನೇ ಇರಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹಿಂದಕ್ಕೆ ಚಾಚಿದ ಕೈಗೆ ಪ್ಲೇಟು ಕೊಟ್ಟವರು ಯಾರೆಂದು ಮಾಮಾನನ್ನು ಕೇಳಿದರೆ, ತಾನು ತಿರುಗಿ ನೋಡಲಿಲ್ಲ ಎಂದ. ನಾನು ಬಾಗಿಲಲ್ಲಿ ನಿಂತಿದ್ದರೆ ನೋಡಿರಬೇಕು. ಹಸಿರು ಬಳೆಯ ಒಂದು ಕೈ ಕಂಡಂತೆ ಅನ್ನಿಸುತ್ತದೆ. ಆದರೆ ಅದು ಚೀಲ ಸಿಕ್ಕ ಮೇಲೆ ಬಂದ ನೆನಪೋ, ಮೊದಲೇ ಇದ್ದದ್ದೋ ಹೇಳಲಾರೆ.

ಅಲ್ಲಿಂದಲೇ ಕುಷ್ಟಗಿಗೆ ಫೋನು ಹಚ್ಚಿದೆ.

“ಚಿಗವ್ವಾ, ಆವತ್ತು ಮಾಮಾನ ಕೈಯಾಗ ಬಾ ಬಾ ಪ್ಲೇಟು ಕೊಟ್ಟಾಕಿ ನೀನೇನು?”

ಆ ಕಡೆ ಪಾತ್ರೆಯ ಸದ್ದು ನಿಂತಿತು. ಚಿಗವ್ವ ಸಣ್ಣಗೆ ನಕ್ಕಳು. ಆಮೇಲೆ ಫೋನನ್ನು ಅಲ್ಲೇ ಎಲ್ಲೋ ಇಟ್ಟು, ಮೊಮ್ಮಕ್ಕಳನ್ನು ಊಟಕ್ಕೆ ಕರೆಯಲು ಹೋದಳು. ದೂರದಿಂದ ಕೇಳಿತು: ಬಾ, ಬಾ, ಬಾ, ಬಾ.