ಬಲ್ಬಿನ ಬಿಸಿಲಲ್ಲಿ ಬೆಳೆದ ಬಯಕೆ

ಕಳೆದ ವಾರ ನಮ್ಮ ಮನೆಗೆ ಪೊಲೀಸ್ ಬಂದಿದ್ದರು. ಗಾಂಜಾ ಹುಡುಕಿಕೊಂಡು.

ಹೌದು, ಸರಿಯಾಗಿಯೇ ಓದಿದಿರಿ. ಮಳವಳ್ಳಿಯ ನಮ್ಮ ಬೀದಿಯಲ್ಲಿ, ತುಳಸಿಕಟ್ಟೆ ಇರುವ ಮನೆಗೆ, ಮಂಡಿನೋವಿಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದ ನನ್ನನ್ನು ವಿಚಾರಿಸಲು! ಮೈಸೂರಿನ ಕಾನ್ವೆಂಟಿನಲ್ಲಿ ನನಗೆ ಡಿಸಿಪ್ಲಿನ್ ಕಲಿಸಿದ ಸಿಸ್ಟರ್‌ಗಳು ಇದನ್ನು ನೋಡಿದ್ದರೆ ಶಿಲುಬೆ ಹಿಡಿದುಕೊಂಡು ಅಲ್ಲೇ ಕೂತುಬಿಡುತ್ತಿದ್ದರು.

ಕಥೆ ಶುರುವಾದದ್ದು ನಮ್ಮ ಮಹಡಿ ಮನೆಯಲ್ಲಿ. ಅಲ್ಲಿ ಬಾಡಿಗೆಗಿರುವವರು ಶರಣಮ್ಮ ಮತ್ತು ಅವಳ ಗಂಡ ಮಲ್ಲಿಕಾರ್ಜುನ. ಇಬ್ಬರೂ ಸಿಂಧನೂರು ಕಡೆಯವರು. ಅವನಿಗೆ ಶಿವನಸಮುದ್ರದ ಪವರ್ ಹೌಸ್‌ನಲ್ಲಿ ಕೆಲಸ. ಅವಳಿಗೆ ಈಗ ತುಂಬು ತಿಂಗಳು. ತಾಯಿ ತೀರಿಹೋಗಿದ್ದಾರೆ. ಬಯಕೆ ಊಟ ಮಾಡಿಸಲು ಬರಬೇಕಿದ್ದ ಅತ್ತಿಗೆಯ ತೊಡೆಯ ಮೇಲೂ ಹಸುಗೂಸು. ಹಾಗಾಗಿ ತವರಿನಿಂದ ಯಾರೂ ಬರುವಂತಿರಲಿಲ್ಲ.

ಒಂದು ದಿನ ಮೆಟ್ಟಿಲ ಮೇಲೆ ಕೂತಿದ್ದವಳನ್ನು ಕೇಳಿದೆ. "ಏನು ತಿನ್ನಬೇಕು ಅನಿಸುತ್ತೆ ಮಗಳೇ? ಡೋಂಟ್ ಬಿ ಶೈ."

"ಪುಂಡಿಪಲ್ಯಾ ರೀ ಆಂಟಿ," ಅಂದಳು. ಅಂದವಳೇ ನಾಲಿಗೆ ಕಚ್ಚಿಕೊಂಡು, "ಬಿಡ್ರೀ, ಇಲ್ಲೆಲ್ಲಿ ಸಿಗತೈತಿ ಅದು," ಅಂತ ಎದ್ದು ಹೋದಳು.

ಸಿಗುವುದಿಲ್ಲ ನಿಜ. ಮಂಡ್ಯ, ಮದ್ದೂರು ಸಂತೆಗಳಲ್ಲೆಲ್ಲ ವಿಚಾರಿಸಿದೆ. ದಂಟು, ಕೀರೆ, ಅಣ್ಣೆ, ಹೊನಗೊನೆ, ಎಲ್ಲ ಸೊಪ್ಪೂ ಇದೆ. ಈ ಹುಳಿ ಸೊಪ್ಪಿನ ಹೆಸರು ಹೇಳಿದರೆ ಮಾತ್ರ ಎಲ್ಲರೂ ನನ್ನ ಮುಖ ನೋಡುತ್ತಾರೆ. ಒಮ್ಮೆ ಮಲ್ಲಿಕಾರ್ಜುನ ಬೆಂಗಳೂರಿನಿಂದ ಒಂದು ಕಟ್ಟು ತಂದಿದ್ದನಂತೆ. ಬಸ್ಸಿನ ಸೆಕೆಗೆ ಬೆಂದು, ಮನೆ ಸೇರುವಷ್ಟರಲ್ಲಿ ಕಪ್ಪಾಗಿತ್ತಂತೆ.

ನನಗೆ ನನ್ನ ಕಾಲ ನೆನಪಾಯಿತು. ಮದುವೆಯಾಗಿ ಈ ಊರಿಗೆ ಬಂದ ಹೊಸತು, ಚೊಚ್ಚಲ ಬಸುರಿ. ಮೈಸೂರಿನ ಬೇಕರಿಯ ಪ್ಲಮ್ ಕೇಕ್ ಬೇಕು ಅನಿಸಿಬಿಟ್ಟಿತ್ತು. ಸೆರಗಿನ ತುದಿ ತಲೆಯಿಂದ ಜಾರದಂತೆ ಓಡಾಡುತ್ತಿದ್ದ ನಮ್ಮತ್ತೆಗೆ ಪ್ಲಮ್ ಕೇಕ್ ಅಂದರೆ ಏನಂತ ವಿವರಿಸಲಿ? (ಅದರಲ್ಲಿ ಮೊಟ್ಟೆ ಇದೆ ಅಂತ ಬೇರೆ ಹೇಳಬೇಕಿತ್ತಲ್ಲ!) ಆಸೆಯನ್ನು ನುಂಗಿಕೊಂಡು ಚಿಗಳಿ ಉಂಡೆ ತಿಂದೆ. ಈ ಹುಡುಗಿಯೂ ನುಂಗಿಕೊಳ್ಳಬೇಕೇ? ನೋ, ಮೈ ಡಿಯರ್. ನಾವೇ ಬೆಳೆಸೋಣ ಅಂದುಕೊಂಡೆ.

ಆದರೆ ಎಲ್ಲಿ? ಪಕ್ಕದಲ್ಲಿ ಎದ್ದಿರುವ ಮೂರಂತಸ್ತಿನ ಬಿಲ್ಡಿಂಗ್ ನನ್ನ ಹಿತ್ತಲಿನ ಬಿಸಿಲನ್ನೆಲ್ಲ ಕುಡಿದುಬಿಟ್ಟಿದೆ. ಟೆರೇಸಿನಲ್ಲಿಡೋಣ ಅಂದರೆ ಕೋತಿಗಳ ರಾಜ್ಯ. ಹಾಗಿದ್ದರೆ ಮನೆಯೊಳಗೆ?

ಮೊಬೈಲ್ ತೆಗೆದು, ಮನೆಯ ಎಲ್‌ಇಡಿ ಬಲ್ಬಿನಲ್ಲಿ ಗಿಡ ಬೆಳೆಸುವುದು ಹೇಗೆ ಅಂತ ಇಂಗ್ಲಿಷಿನಲ್ಲಿ ಹುಡುಕಿದೆ. ಅಬ್ಬಾ, ಎಷ್ಟು ವಿಡಿಯೋಗಳು! ಎಲ್ಲದರಲ್ಲೂ ಗಡ್ಡ ಬಿಟ್ಟ ಹುಡುಗರು. ಎಷ್ಟು ಪೊಲೈಟ್ ಆಗಿ ಹೇಳಿಕೊಡುತ್ತಾರೆ ಅಂತೀರಿ! ವಿಶೇಷ ದೀಪ ಬೇಡ, ಅಂಗಡಿಯಲ್ಲಿ ಸಿಗುವ ಬಿಳಿ ಬೆಳಕಿನ ಬಲ್ಬೇ ಸಾಕು, ಸಸಿಗೆ ಹತ್ತಿರ ಇರಲಿ, ಸುತ್ತ ಬಿಳಿ ಬಟ್ಟೆ ಕಟ್ಟಿ, ಫ್ಯಾನ್ ಹಾಕಿ. ಅವರ ಗಿಡಗಳೂ ಬೆರಳು ಬಿಡಿಸಿದ ಅಂಗೈಯಂಥ ಎಲೆ ಬಿಟ್ಟು ನಳನಳಿಸುತ್ತಿದ್ದವು. ಗಿಡದ ಹೆಸರನ್ನು ಮಾತ್ರ ಯಾರೂ ಹೇಳುವುದಿಲ್ಲ. "ಮೈ ಹರ್ಬ್ಸ್" ಅನ್ನುತ್ತಾರೆ, ಅಷ್ಟೇ.

ಒಬ್ಬನ ವಿಡಿಯೋ ಕೆಳಗೆ ಬರೆದೂ ಬಂದೆ. "ಲವ್ಲಿ ಪ್ಲಾಂಟ್, ಮೈ ಸನ್. ಬೇಳೆ ಜೊತೆ ಬೇಯಿಸಿದರೆ ಚೆನ್ನಾಗಿರುತ್ತಾ?"

ಬಂದ ಉತ್ತರಗಳಲ್ಲಿ ಬರೀ ನಗುವ ಮುಖಗಳು. ಎಂಥ ಹಸನ್ಮುಖಿ ಜನ ಅಂದುಕೊಂಡೆ!

ಮಲ್ಲಿಕಾರ್ಜುನ ಊರಿನಿಂದ ಪುಂಡಿ ಬೀಜ ತರಿಸಿದ. ನನ್ನ ಹಿಂದಿನ ರೂಮಿನಲ್ಲಿ ಹಲಗೆಗೆ ಹೋಲ್ಡರ್ ಸಾಲು ಜೋಡಿಸಿ ಬಲ್ಬು ಹಾಕಿಕೊಟ್ಟ. "ನಮ್ಮ ಪವರ್ ಹೌಸ್ ಕರೆಂಟು ಇಂಥ ಕೆಲಸಕ್ಕ ಬಳಕಿ ಆಗಿದ್ದು ಇದ ಮೊದಲರೀ ಆಂಟಿ," ಅಂತ ನಕ್ಕ. ಶರಣಮ್ಮನಿಗೆ ಒಂದು ಮಾತೂ ಹೇಳಕೂಡದು, ಸರ್‌ಪ್ರೈಸ್ ಅಂತ ಆಣೆ ಹಾಕಿಸಿಕೊಂಡೆ.

ಮೊದಲ ಸಲ ಬಲ್ಬನ್ನು ತೀರಾ ಮೇಲೆ ಕಟ್ಟಿದ್ದೆವು. ಬೆಳಕು ಹುಡುಕುತ್ತ ಸಸಿಗಳು ದಾರದ ಹಾಗೆ ಉದ್ದಕ್ಕೆ ಎದ್ದು, ಸುಸ್ತಾಗಿ ಮಲಗಿಬಿಟ್ಟವು. ಮತ್ತೆ ಬಿತ್ತಿ, ಬಲ್ಬನ್ನು ಗೇಣು ಅಂತರಕ್ಕೆ ಇಳಿಸಿದೆವು. ಈ ಸಲ ನೋಡಿ! ದಪ್ಪ ಕಾಂಡ, ಕೆಂಪು ತೊಟ್ಟು, ಆ ವಿಡಿಯೋ ಗಿಡಗಳ ಹಾಗೇ ಬೆರಳು ಬಿಡಿಸಿದ ಗರಗಸದಂಚಿನ ಎಲೆ. ದಿನಾ ಹಾಲಿನವನು ಬಂದ ಕೂಡಲೇ ಸ್ವಿಚ್ ಹಾಕುತ್ತಿದ್ದೆ, ನನ್ನ ಸೀರಿಯಲ್ ಮುಗಿದ ಮೇಲೆ ಆರಿಸುತ್ತಿದ್ದೆ. ಕಿಟಕಿಗೆ ಬಿಳಿ ಬೆಡ್‌ಶೀಟ್ ಕಟ್ಟಿದ್ದೆ.

ಈ ಬೆಡ್‌ಶೀಟ್ ಎದುರು ಮನೆ ಜಯಮ್ಮನ ಕಣ್ಣಿಗೆ ಬಿತ್ತು.

ಜಯಮ್ಮ ನನ್ನ ಪ್ರಾಣಸ್ನೇಹಿತೆ. ಆದರೆ ಅವಳಿಗೆ ಒಂದು ಮಾತು ಹೇಳಿದರೆ ಮಧ್ಯಾಹ್ನದೊಳಗೆ ಅದು ಮದ್ದೂರು ಮುಟ್ಟಿರುತ್ತದೆ. ಮಹಡಿಗೆ ಹತ್ತಲು ಎಷ್ಟು ಹೊತ್ತು? ಹಾಗಾಗಿ ಅವಳಿಗೂ ಹೇಳಿರಲಿಲ್ಲ.

"ಏನಕ್ಕಾ, ಆ ಇಂದ್ಗಡೆ ರೂಮ್ನಲ್ಲಿ ಅಗಲೊತ್ತೂ ಲೈಟು ಉರೀತದೆ? ಕೋಳಿಮರಿ ಏನಾರ ಸಾಕಿದ್ದೀಯಾ?"

"ಇಲ್ಲ ಜಯಾ, ಸುಮ್ಮನೆ," ಅಂದೆ.

"ಸುಮ್ಕೆ ಲೈಟ್ ಉರ್ಸಕ್ಕೆ ನೀನೇನ್ ಪವರ್ ಹೌಸ್ ಓನರ್ರಾ?"

ಒಲೆ ಮೇಲೆ ಹಾಲಿದೆ ಅಂತ ನಾನು ಒಳಗೆ ಓಡಿದೆ. ಜಯಮ್ಮನಂಥವರಿಗೆ ಉತ್ತರ ಸಿಗದಿದ್ದರೆ ಏನು ಮಾಡುತ್ತಾರೆ? ನಮ್ಮ ನಿಮ್ಮ ಹಾಗೆಯೇ. ಬಗ್ಗಿ ನೋಡುತ್ತಾರೆ. ಬೆಡ್‌ಶೀಟ್ ಸಂದಿಯಲ್ಲಿ ಎಲೆ ಕಂಡಿದೆ. ಅವಳಿಗೆ ಗೊತ್ತಿಲ್ಲದ ಸೊಪ್ಪು ಈ ತಾಲ್ಲೂಕಿನಲ್ಲೇ ಇಲ್ಲ. ತನಗೆ ಗೊತ್ತಿಲ್ಲದ್ದು ಅಂದಮೇಲೆ ಅದು ಸೊಪ್ಪೇ ಅಲ್ಲ! ಟಿವಿಯಲ್ಲಿ ತೋರಿಸುವ ಗಾಂಜಾ ಎಲೆಗೂ ಇದಕ್ಕೂ ತಾಳೆ ಹಾಕಿದ್ದಾಳೆ. ಹೋಗಿ ಪೊಲೀಸ್ ಕೆಲಸದಲ್ಲಿರುವ ತಮ್ಮನ ಮಗ ಸಿದ್ದರಾಜುವಿನ ಹತ್ತಿರ ಅತ್ತಿದ್ದಾಳೆ. "ನಮ್ಮಕ್ಕನ್ನ ಯಾರೋ ಯಾಮಾರ್ಸವ್ರೆ ಕಣ್ಲಾ, ಅರೆಸ್ಟ್ ಮಾಡ್ದಂಗೆ ಇಡ್ಕೊ," ಅಂತ!

ಸಿದ್ದರಾಜು ಬಂದದ್ದು ಬಯಕೆ ಊಟದ ಹಿಂದಿನ ದಿನ. ಬೂಟು ಬಿಚ್ಚಿಟ್ಟೇ ಒಳಗೆ ಬಂದ, ಪಾಪ. ಸಂಕೋಚದಿಂದ ಟೋಪಿ ತಿರುಗಿಸುತ್ತ, "ಅಮ್ಮಾ, ಆ ರೂಮ್ ಒಸಿ ನೋಡ್ಬೇಕಿತ್ತು," ಅಂದ. ಬಾಗಿಲು ತೆಗೆದೆ. ಬಲ್ಬುಗಳ ಕೆಳಗೆ ಎದೆಯುಬ್ಬಿಸಿ ನಿಂತಿದ್ದ ನನ್ನ ಗಿಡಗಳನ್ನು ನೋಡಿ ಅವನು ಹೊಸ್ತಿಲಲ್ಲೇ ನಿಂತುಬಿಟ್ಟ.

"ಅಯ್ಯೋ ಅಮ್ಮಾ, ಈ ವಯಸ್ನಲ್ಲಿ ಇದ್ಯಾಕೆ ನಿಮ್ಗೆ?"

"ಅದು ಪುಂಡಿ ಸೊಪ್ಪಪ್ಪ. ಅಡಿಗೆಗೆ."

"ಎಲ್ರೂ ಇಂಗೇ ಅಂತಾರೆ. ತಪ್ ತಿಳ್ಕೋಬೇಡಿ, ಎಲ್ಲಾನೂ ಕಿತ್ಕಂಡ್ ಓಯ್ತೀನಿ. ಸ್ಟೇಷನ್ನಲ್ಲಿ ತೋರ್ಸಿ, ಏನೂ ಇಲ್ಲ ಅಂದ್ರೆ ವಾಪಸ್ ತಂದ್ಕೊಡ್ತೀನಿ."

ಕಿತ್ತ ಗಿಡ ವಾಪಸ್ ಬಂದರೇನು, ಬಿಟ್ಟರೇನು? ಇದ್ದದ್ದೇ ಒಂದು ಪಾತ್ರೆಗಾಗುವಷ್ಟು ಸೊಪ್ಪು. ಮತ್ತೆ ಬಿತ್ತಿ ಬೆಳೆಸುವಷ್ಟರಲ್ಲಿ ಮಗು ತೊಟ್ಟಿಲಲ್ಲಿರುತ್ತದೆ. ನಾನು ಗಿಡಗಳಿಗೆ ಅಡ್ಡ ನಿಂತೆ. "ಓವರ್ ಮೈ ಡೆಡ್ ಬಾಡಿ, ಸಿದ್ದರಾಜು. ಬೇಕಿದ್ದರೆ ಒಂದು ಎಲೆ ಕಿತ್ತು ತಿಂದು ನೋಡು."

ಅವನು ಒಂದು ಹೆಜ್ಜೆ ಹಿಂದೆ ಸರಿದ. "ಡ್ಯೂಟಿ ಮೇಲೆ ಅದನ್ ತಿಂದ್ರೆ ನನ್ ಕೆಲ್ಸನೇ ಓಯ್ತದೆ!"

ನಾನೇ ಒಂದೆಲೆ ಬಾಯಿಗೆ ಹಾಕಿಕೊಂಡೆ. ಅವನ ಗಾಬರಿ ಇನ್ನಷ್ಟು ಹೆಚ್ಚಿತು. ಅಮ್ಮನಿಗೆ ಚಟವೇ ಹತ್ತಿಬಿಟ್ಟಿದೆ ಅಂದುಕೊಂಡಿರಬೇಕು.

ಅಷ್ಟರಲ್ಲಿ, ಅವನ ಬೆನ್ನಿಗೇ ಬಂದು ಬಾಗಿಲ ಹಿಂದೆ ಅಡಗಿ ನಿಂತಿದ್ದ ಜಯಮ್ಮನಿಗೆ ತಡೆಯಲಾಗಲಿಲ್ಲ. "ಸರ್ಕೊಳ್ಲಾ ಅತ್ಲಾಗೆ! ಅಕ್ಕ ತಿಂದು ಜೈಲ್ಗೋದ್ರೆ ನಾನೂ ಓಯ್ತೀನಿ," ಅಂತ ನುಗ್ಗಿ, ಒಂದಲ್ಲ, ನಾಲ್ಕು ಎಲೆ ಒಟ್ಟಿಗೆ ಬಾಯಿಗೆ ತುರುಕಿಕೊಂಡಳು. ಅಗಿದಳು. ಅವಳ ಒಂದು ಕಣ್ಣು ಮುಚ್ಚಿತು. ಮೂಗು ಕಿವಿಯ ಕಡೆ ಹೊರಟಿತು. ಹಲ್ಲೆಲ್ಲ ಒಟ್ಟಿಗೆ ಜುಮ್ಮೆಂದಿರಬೇಕು.

"ಉಳಿ ಕಣ್ಲಾ! ಉಣಸೇಹಣ್ಣಿನಪ್ಪ ಕಣ್ಲಾ ಇದು! ಗಾಂಜಾ ಅಂತೆ ಗಾಂಜಾ, ಯಾವ್ ಮುಟ್ಟಾಳ ನಿಂಗ್ ಏಳಿದ್ದು?"

"ನೀನೇ ಅಲ್ವಾ ಅತ್ತೆ!"

ಈ ಗದ್ದಲಕ್ಕೆ ಶರಣಮ್ಮ ಮಹಡಿಯಿಂದ ಇಳಿದು ಬಂದಳು. ಸೊಂಟದ ಮೇಲೆ ಕೈಯಿಟ್ಟುಕೊಂಡು, ನಿಧಾನವಾಗಿ. ಖಾಕಿ ಬಟ್ಟೆ ನೋಡಲಿಲ್ಲ, ಜಯಮ್ಮನ ಮುಖವನ್ನೂ ನೋಡಲಿಲ್ಲ. ನೇರ ಬಂದು ಗಿಡದ ಮುಂದೆ ನಿಂತಳು. ಎಲೆಯನ್ನು ಬೆರಳಲ್ಲಿ ಮುಟ್ಟಿ, ಮೂಸಿ, ನನ್ನ ಕಡೆ ತಿರುಗಿದಳು.

"ಆಂಟಿ... ಪುಂಡಿಪಲ್ಯ! ನನಗಂತನ ಬೆಳಿಸೀರೇನ್ರೀ?"

ಅಳುತ್ತಿದ್ದಾಳೋ ನಗುತ್ತಿದ್ದಾಳೋ ಗೊತ್ತಾಗಲಿಲ್ಲ. ಸಿದ್ದರಾಜು ಟೋಪಿ ಹಾಕಿಕೊಂಡ. ಹೊರಡುವಾಗ ಮಾತ್ರ ಪಿಸುಮಾತಿನಲ್ಲಿ ಕೇಳಿದ, "ಅಮ್ಮಾ, ಇದ್ರಲ್ಲಿ ಉಪ್ಸಾರ್ ಮಾಡ್ಬೋದಾ?"

ಮರುದಿನ ಬಯಕೆ ಊಟ. ಸರ್‌ಪ್ರೈಸ್ ಒಡೆದುಹೋಗಿದ್ದರೇನಂತೆ, ಸಂಭ್ರಮಕ್ಕೆ ಕಡಿಮೆಯಿರಲಿಲ್ಲ. ಸಿಂಧನೂರಿನ ಅತ್ತಿಗೆ ಫೋನಿನಲ್ಲಿ ಹೇಳುತ್ತ ಹೋದರು, ನಾನು ಪುಂಡಿಪಲ್ಯ ಮಾಡುತ್ತ ಹೋದೆ. ತೊಗರಿಬೇಳೆ, ಜೋಳದ ನುಚ್ಚು, ಬೆಳ್ಳುಳ್ಳಿ ಒಗ್ಗರಣೆ. ಜೋಳದ ರೊಟ್ಟಿ ಬಡಿಯುವ ಹೊಣೆ ಜಯಮ್ಮ ಹೊತ್ತಳು. ಮುದ್ದೆ ತಿರುವಿದ ಕೈ ಅದು, ರೊಟ್ಟಿ ಅಂಚಿನಲ್ಲಿ ಸೀಳಿ ಒಂದೊಂದೂ ಒಂದೊಂದು ಜಿಲ್ಲೆಯ ಮ್ಯಾಪಿನಂತೆ ಬಂತು. ಬೀದಿಯ ಹೆಂಗಸರೆಲ್ಲ ಬಂದು ಹಸಿರು ಬಳೆ ತೊಡಿಸಿದರು, ಹೂ ಮುಡಿಸಿದರು. ಈ "ಗಾಂಜಾ ಪಲ್ಯ"ದ ರುಚಿ ನೋಡಲು ಎಲ್ಲರಿಗೂ ಆಸೆ. ಆದರೆ ಬಸುರಿ ಮೊದಲು ತಿನ್ನಬೇಕಲ್ಲ?

ಶರಣಮ್ಮ ರೊಟ್ಟಿ ಮುರಿದು, ಪಲ್ಯ ಹಚ್ಚಿ, ಮೊದಲ ತುತ್ತು ಬಾಯಿಗಿಟ್ಟಳು. ಕಣ್ಣು ಮುಚ್ಚಿದಳು. ನಾವೆಲ್ಲ ಅವಳ ದವಡೆಯನ್ನೇ ನೋಡುತ್ತಿದ್ದೆವು.

"ಬ್ಯಾಸರ ಮಾಡ್ಕೋಬ್ಯಾಡ್ರೀ ಆಂಟಿ," ಅಂದಳು, ಎರಡನೆಯ ತುತ್ತು ಮುರಿಯುತ್ತ. "ಖಾರ ಸಾಲಂಗಿಲ್ಲ ನೋಡ್ರಿ. ಬಳ್ಳೊಳ್ಳಿನೂ ಭಾಳ ಕಡಿಮಿ ಬಿದ್ದೈತಿ. ಆಮ್ಯಾಲ ಈ ರೊಟ್ಟಿ ಯಾರು ಮಾಡ್ಯಾರ್ರೀ?"

ಜಯಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ನೋಡಕ್ಕಾ ಇವ್ಳ ಜೋರಾ! ಪೊಲೀಸ್ನೋರ್ನ ತಡ್ದು ಉಳ್ಸಿ ಬೇಯ್ಸಾಕುದ್ರೆ..." ಎಲ್ಲರೂ ಹೋ ಎಂದು ನಕ್ಕರು. ಶರಣಮ್ಮನೂ ನಕ್ಕಳು, ನಗುತ್ತಲೇ ಮತ್ತೆ ತಟ್ಟೆ ಮುಂದೆ ಚಾಚಿದಳು.

ನನಗೆ ಮಾತ್ರ ಆದ ಖುಷಿ ಅಷ್ಟಿಷ್ಟಲ್ಲ. ಮಹಡಿಗೆ ಬಂದಾಗಿನಿಂದ ಈ ಹುಡುಗಿ ನಾನು ಕೊಟ್ಟದ್ದನ್ನೆಲ್ಲ "ಚಲೋ ಆಗೈತ್ರೀ" ಅಂತ ತಲೆ ತಗ್ಗಿಸಿ ತಿಂದವಳು, ಉಪ್ಪಿಲ್ಲದ ಸಾರನ್ನೂ.

ಉಣಬಡಿಸಿದವರ ಮುಖಕ್ಕೇ ಊಟದ ಕೊರತೆ ಹೇಳುವ ಧೈರ್ಯ, ತವರಿನಲ್ಲಲ್ಲದೆ ಹೆಣ್ಣುಮಗಳಿಗೆ ಇನ್ನೆಲ್ಲಿ ಬರುತ್ತದೆ ಹೇಳಿ?